ಬೆಟ್ಟದ ದಾರಿಯೂ ಮಗುವಿನ ಹೆಜ್ಜೆಯೂ

ಆಷಾಢದ ಮಳೆ ಹಿಡಿದ ಮೇಲೆ ಸಕಲೇಶಪುರದ ಸೀಮೆಯಲ್ಲಿ ಹೊತ್ತು ಮೂಡಿದ್ದೂ ತಿಳಿಯದು, ಮುಳುಗಿದ್ದೂ ತಿಳಿಯದು. ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಾಳೆ. ಮಳೆ ಒಂದು ಗಳಿಗೆ ಬಿಡುವು ಕೊಟ್ಟರೂ ಕಾಫಿ ತೋಟದ ನೆರಳುಮರಗಳು ಹನಿಯುತ್ತಲೇ ಇರುತ್ತವೆ. ಮಂಜರಾಬಾದಿನ ಕೋಟೆಯ ಮೇಲೆ ನಿಂತು ನೋಡುವ ಪ್ರವಾಸಿಗೆ ಇದೆಲ್ಲ ಕಣ್ಣಿಗೆ ಹಬ್ಬ. ಆದರೆ ಹೆತ್ತೂರಿನ ಕಡೆಯ ತೋಟವೊಂದರ ಕೂಲಿಲೈನಿನಲ್ಲಿ ವಾಸಿಸುವ ಒಬ್ಬ ತಾಯಿಯನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಅವಳ ಮಡಿಲಲ್ಲಿ ಮೂರು ವಾರದ ಕೂಸು. ಕೂಸಿನ ಎರಡು ಪಾದಗಳೂ ಒಳಮುಖವಾಗಿ ಹೊರಳಿವೆ.

ಆ ಕೂಸನ್ನು ಹಾಸನದ ದೊಡ್ಡಾಸ್ಪತ್ರೆಗೆ ತೋರಿಸಬೇಕಾದರೆ ಅವಳು ಕೆಸರಿನ ದಾರಿಯಲ್ಲಿ ನಡೆದು ಬಸ್ಸು ಹಿಡಿಯಬೇಕು. ಮುಂಜಾನೆ ಮುಸ್ಸಂಜೆಗಳಲ್ಲಿ ಆ ದಾರಿಯಲ್ಲಿ ಕಾಡಾನೆಯ ಭಯ. 2014ರಲ್ಲಿ ಆಲೂರು, ಸಕಲೇಶಪುರಗಳ ಸೀಮೆಯಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಆ ಭಯ ಹೋಗಿಲ್ಲ. ಬಸ್ಸು ಸಿಕ್ಕಿ ಸಕಲೇಶಪುರ ಸೇರಿದರೆ, ಬಾಳ್ಳುಪೇಟೆಯ ಮೇಲೆ ಹಾದು ಹಾಸನಕ್ಕೆ ಮತ್ತೆ ಸುಮಾರು 40 ಕಿಲೋಮೀಟರು. ಅವಳ ಒಂದು ದಿನದ ಕೂಲಿ ಹೋಯಿತು. ಗಂಡನೂ ಜೊತೆಗೆ ಹೊರಟರೆ ಇಬ್ಬರದೂ ಹೋಯಿತು. ವೈದ್ಯರು ಮಗುವನ್ನು ಪರೀಕ್ಷಿಸಿ, “ಗುಣವಾಗುತ್ತದಮ್ಮ, ಮುಂದಿನ ವಾರ ಮತ್ತೆ ಬನ್ನಿ” ಎಂದು ಧೈರ್ಯ ಹೇಳುತ್ತಾರೆ. ಪಟ್ಟಣದ ತಾಯಿಗೆ ಅದು ಸಾಂತ್ವನದ ನುಡಿ. ಬೆಟ್ಟದ ತಾಯಿಯ ಎದೆ ಕುಸಿಯುವುದು ಆ ಮಾತಿನಿಂದಲೇ.

ಹೊರಳಿದ ಪಾದವು ಸಾವಿರ ಶಿಶುಗಳಲ್ಲಿ ಸುಮಾರು ಒಂದಕ್ಕೆ ಹುಟ್ಟಿನಿಂದ ಬರುವ ದೋಷ. ಸ್ಪೇನ್ ದೇಶದಲ್ಲಿ ಹುಟ್ಟಿ ಅಮೆರಿಕದ ಅಯೋವಾ ಸಂಸ್ಥಾನದಲ್ಲಿ ನೆಲೆಸಿದ ಇಗ್ನಾಸಿಯೊ ಪೊನ್ಸೆಟಿ ಎಂಬ ವೈದ್ಯರು ಇದಕ್ಕೆ ಸರಳವಾದ ಚಿಕಿತ್ಸಾಕ್ರಮವನ್ನು ರೂಪಿಸಿದರು. ಇಂದು ಪ್ರಪಂಚದ ಬಹುಭಾಗದಲ್ಲಿ ಅದೇ ರೂಢಿಯಲ್ಲಿದೆ. ವಾರಕ್ಕೊಮ್ಮೆ ಪಾದವನ್ನು ಕೈಯಿಂದ ಮೆಲ್ಲನೆ ತಿದ್ದಿ ಪ್ಲಾಸ್ಟರು ಹಾಕುವುದು. ಹೀಗೆ ಸಾಮಾನ್ಯವಾಗಿ ಐದಾರು ಸಲ. ಅನಂತರ ಬಹುಪಾಲು ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು ಸಣ್ಣ ಕೊಯ್ತದಿಂದ ಸಡಿಲಿಸುವುದು. ಆಮೇಲೆ ಒಂದು ಪಟ್ಟಿಗೆ ಜೋಡಿಸಿದ ಪುಟ್ಟ ಬೂಟುಗಳನ್ನು ಮೊದಲ ಮೂರು ತಿಂಗಳು ಹಗಲಿರುಳೂ, ಮುಂದೆ ಸುಮಾರು ನಾಲ್ಕು ವರ್ಷ ವಯಸ್ಸಿನ ವರೆಗೆ ಮಲಗುವಾಗಲೂ ತೊಡಿಸುವುದು. ಇದರಲ್ಲಿ ದುಬಾರಿ ಯಂತ್ರವಿಲ್ಲ, ದೊಡ್ಡ ಶಸ್ತ್ರಕ್ರಿಯೆಯಿಲ್ಲ. ಬೇಕಾದುದು ಪಳಗಿದ ಕೈ ಮತ್ತು ತಪ್ಪದೆ ಬರುವ ತಾಯಿ. ಬೂಟು ತೊಡಿಸುವುದನ್ನು ನಡುವೆ ಬಿಟ್ಟರೆ ಪಾದ ಮತ್ತೆ ಒಳಕ್ಕೆ ಹೊರಳುವ ಸಂಭವವೇ ಹೆಚ್ಚು. ಹೀಗೆ, ಮಗು ನಡೆದೀತೇ ಇಲ್ಲವೇ ಎಂಬುದು ಕೊನೆಗೆ ಬಸ್ಸಿನ ದಾರಿಯನ್ನೇ ಅವಲಂಬಿಸಿ ನಿಲ್ಲುತ್ತದೆ.

ಶ್ರವಣದೋಷಕ್ಕೂ ಇದೇ ನಿಯಮ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಪ್ರಾಥಮಿಕ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿರ್ಧಾರ, ಆರು ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿ ಆಗಬೇಕೆಂದು ತಜ್ಞರು ಹೇಳುತ್ತಾರೆ. ಎಳೆಯ ಮಿದುಳು ಭಾಷೆಯನ್ನು ಬಲುಬೇಗ ಹೀರಿಕೊಳ್ಳುವುದು ಮೊದಲ ವರ್ಷಗಳಲ್ಲಿಯೇ. “ಮಾತು ತಡವಾಗಿ ಬರುತ್ತದೆ, ಅವನ ಅಪ್ಪನಿಗೂ ಹಾಗೇ ಆಗಿತ್ತು” ಎಂಬ ಅಜ್ಜಿಯ ಸಮಾಧಾನದಲ್ಲಿ ಮೂರು ವರ್ಷ ಕಳೆದರೆ, ಆ ಕಾಲವನ್ನು ಯಾರೂ ಹಿಂದಕ್ಕೆ ತಂದುಕೊಡಲಾರರು. ಹುಟ್ಟುವಾಗ ಪ್ರಾಣವಾಯು ಸಾಲದೆ, ಅಥವಾ ದಿನ ತುಂಬುವ ಮೊದಲೇ ಹುಟ್ಟಿ ಮಿದುಳಿಗೆ ಪೆಟ್ಟು ಬಿದ್ದ ಮಗುವಿನ ಸಂಗತಿ ಇನ್ನೂ ಸೂಕ್ಷ್ಮ. ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ಆ ಸ್ಥಿತಿ ಪೂರ್ಣವಾಗಿ ಗುಣವಾಗುವಂಥದಲ್ಲ. ಆದರೆ ಮಗುವನ್ನು ಸರಿಯಾಗಿ ಕೂರಿಸಿ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗುವ ಅಪಾಯ ಕಡಿಮೆಯಾಗುತ್ತದೆ. ದಿನವೂ ಕೈಕಾಲುಗಳನ್ನು ನೀವಿ ಆಡಿಸಿದರೆ ಸ್ನಾಯುಗಳು ಸೆಟೆದು ಕೀಲುಗಳು ಬಿಗಿಯುವುದು ಎಷ್ಟೋ ಮಟ್ಟಿಗೆ ತಪ್ಪುತ್ತದೆ.

ಇಂಥ ಮಕ್ಕಳ ಸೇವೆ ಕನ್ನಡನಾಡಿಗೆ ಹೊಸದಲ್ಲ. 1901ರಷ್ಟು ಹಿಂದೆಯೇ ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಬೆಂಗಳೂರಿನಲ್ಲಿ 1959ರಲ್ಲಿ, ಸ್ವತಃ ಗಾಲಿಕುರ್ಚಿಯನ್ನು ಆಶ್ರಯಿಸಿದ್ದ ಎನ್.ಎಸ್. ಹೇಮಾ ಅವರು ಅಂಗವಿಕಲರ ಸಂಘವನ್ನು ಕಟ್ಟಿದರು. ಅದು ಕ್ರಮೇಣ ಶಾಲೆ, ಕಸುಬಿನ ತರಬೇತಿ, ತೋಟಗಾರಿಕೆಯ ಶಿಕ್ಷಣಗಳಾಗಿ ಕವಲೊಡೆಯಿತು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಇಂದು ದೇಶದ ಮೂಲೆಮೂಲೆಗಳಿಂದ ಜನ ಬರುತ್ತಾರೆ. ಅಲ್ಲಿಯ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರೂ ಮಕ್ಕಳ ಪಕ್ಕದಲ್ಲಿ ಕುಳಿತು ಕಲಿಯುತ್ತಾರೆ. ಈ ಸಂಸ್ಥೆಗಳಿಗೆ ನಾಡು ಋಣಿಯಾಗಿದೆ. ಆದರೆ ಇವು ಬೇರುಬಿಟ್ಟದ್ದು ನಗರಗಳಲ್ಲಿ. ದೂರದ ಮಗು ಅಲ್ಲಿಗೆ ಹೋಗಬೇಕಾದರೆ ತನ್ನ ಮನೆಯನ್ನು ಬಿಡಬೇಕು, ಇಲ್ಲವೆ ಮನೆಯವರು ತಮ್ಮ ದುಡಿಮೆಯನ್ನು ಬಿಡಬೇಕು.

ಈ ತೊಡಕನ್ನು ಬಿಡಿಸಲು ವಿಶ್ವ ಆರೋಗ್ಯ ಸಂಸ್ಥೆಯು 1978ರ ಆಲ್ಮಾ ಆಟಾ ಘೋಷಣೆಯ ಬಳಿಕ ‘ಸಮುದಾಯಾಧಾರಿತ ಪುನರ್ವಸತಿ’ ಎಂಬ ಮಾರ್ಗವನ್ನು ಮುಂದಿಟ್ಟಿತು. ಹೆಸರು ಭಾರವಾದರೂ ಅರ್ಥ ಸರಳ: ತಜ್ಞರ ವಿದ್ಯೆಯಲ್ಲಿ ಹಂಚಬಹುದಾದಷ್ಟನ್ನು ಊರಿನವರಿಗೆ, ಮನೆಯವರಿಗೆ ಹಂಚುವುದು. ಮೆಕ್ಸಿಕೊ ದೇಶದ ಪಶ್ಚಿಮದ ಬೆಟ್ಟಸಾಲಿನ ಅಹೋಯಾ ಎಂಬ ಹಳ್ಳಿಯಲ್ಲಿ 1981ರಲ್ಲಿ ಮೊದಲಾದ ಕೇಂದ್ರವೊಂದು ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ನಡೆಸಿದವರು ಅಂಗವೈಕಲ್ಯವಿದ್ದ ಹಳ್ಳಿಗರೇ. ಗಾಲಿಕುರ್ಚಿ, ಊರುಗೋಲು, ಕಾಲಿನ ಆಧಾರಪಟ್ಟಿಗಳನ್ನು ಅವರೇ ತಯಾರಿಸಿದರು. ಚಿಕಿತ್ಸೆಗೆಂದು ಬಂದವರು ಕಸುಬು ಕಲಿತು ಇತರರಿಗೆ ನೆರವಾದರು. ಅವರ ಒಡನಾಡಿಯಾಗಿದ್ದ ಡೇವಿಡ್ ವರ್ನರ್, ಆ ಅನುಭವವನ್ನು ಹಳ್ಳಿಯ ವಿಕಲಚೇತನ ಮಕ್ಕಳನ್ನು ಕುರಿತ ಗ್ರಂಥವಾಗಿ 1987ರಲ್ಲಿ ಪ್ರಕಟಿಸಿದರು. ವರ್ನರ್ ಅವರಿಗೂ ಕೈಕಾಲುಗಳ ಸ್ನಾಯು ಕ್ಷೀಣಿಸುವ ಜನ್ಮಸಿದ್ಧ ತೊಂದರೆಯಿತ್ತು. ಗುಡ್ಡಗಾಡಿನ ಕೇಂದ್ರಕ್ಕೆ ದೊಡ್ಡ ಕಟ್ಟಡವೇ ಮೊದಲ ಬಂಡವಾಳವಾಗಬೇಕಿಲ್ಲವೆಂಬುದನ್ನು ಅಹೋಯಾ ತೋರಿಸಿತು.

ಸಕಲೇಶಪುರ, ಆಲೂರುಗಳ ಬೆಟ್ಟಗಳಲ್ಲಿ ಇಂಥ ಕೇಂದ್ರವು ಬೆಳೆಯುವ ಬಗೆ ಹೇಗಿದ್ದೀತು? ಮೊದಲು ಯಾರೋ ಬಿಟ್ಟುಕೊಟ್ಟ ಒಂದು ಕೊಠಡಿ, ನೆಲಕ್ಕೆ ಹಾಸಿದ ಚಾಪೆ, ವಾರಕ್ಕೆ ಒಂದೆರಡು ದಿನ ಬರುವ ಒಬ್ಬ ಅಂಗಮರ್ದನ ತಜ್ಞೆ, ನಾಲ್ಕೈದು ತಾಯಂದಿರು. ಅಷ್ಟೇ ಸಾಕು. ಎರಡನೆಯ ಹಂತದಲ್ಲಿ ಕೇಂದ್ರಕ್ಕೆ ಕಾಲು ಬರಬೇಕು. ಹಾನುಬಾಳು, ಯಸಳೂರು, ಹೆತ್ತೂರು, ಕೆಂಚಮ್ಮನ ಹೊಸಕೋಟೆ, ಪಾಳ್ಯ ಮುಂತಾದ ಹೋಬಳಿಗಳಿಗೆ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಕಾರ್ಯಕರ್ತೆಯನ್ನು ಹೊತ್ತ ಜೀಪೊಂದು ಹೋಗಬೇಕು. ಮೂರನೆಯದಾಗಿ ಬಡಗಿ, ಚಮ್ಮಾರ, ದರ್ಜಿಗಳ ಕೈಗೆ ಕೆಲಸ ಬರುತ್ತದೆ. ಮೂಲೆಗೆ ಒರಗಿ ಕೂರುವ ಕುರ್ಚಿ, ನಿಲ್ಲಲು ಆಧಾರ ಕೊಡುವ ಚೌಕಟ್ಟು, ಹಿಡಿ ದಪ್ಪನಾದ ಚಮಚ, ಪಾದಕ್ಕೊಪ್ಪುವ ಬೂಟು—ಇವನ್ನು ದೂರದಿಂದ ತರಿಸಿದರೆ ಬೆಲೆ ಹೆಚ್ಚು, ಮುರಿದರೆ ದುರಸ್ತಿಯಿಲ್ಲ. ಮಗು ಬೆಳೆದಂತೆ ಅಳತೆಯೂ ಬದಲಾಗುವುದರಿಂದ ಇವು ಹತ್ತಿರದಲ್ಲೇ ಆಗಬೇಕಾದ ವಸ್ತುಗಳು.

ಮಕ್ಕಳನ್ನು ಹುಡುಕುವವರು ಯಾರು? ಅಂಗನವಾಡಿಯ ಶಿಕ್ಷಕಿ, ಆಶಾ ಕಾರ್ಯಕರ್ತೆ, ತೋಟದ ಕೂಸಿನ ಮನೆಯ ಆಯಾ. 50 ಅಥವಾ ಅದಕ್ಕೂ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನೆಯ ಏರ್ಪಾಡು ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ವಿಧಿಸಿತ್ತು. ದಿನವೆಲ್ಲ ಹತ್ತು ಕೂಸುಗಳನ್ನು ನೋಡಿಕೊಳ್ಳುವ ಹೆಂಗಸಿಗೆ ಯಾವ ಕೂಸು ಸದ್ದಿಗೆ ತಿರುಗುವುದಿಲ್ಲ, ಯಾವುದು ಕತ್ತು ನಿಲ್ಲಿಸುವುದಿಲ್ಲ ಎಂಬುದು ವೈದ್ಯರಿಗಿಂತ ಮೊದಲು ಕಾಣುತ್ತದೆ. ಕಂಡುದನ್ನು ಯಾರಿಗೆ ತಿಳಿಸಬೇಕೆಂಬುದನ್ನು ಅವಳಿಗೆ ಯಾರಾದರೂ ಹೇಳಿರಬೇಕು. ದೂರದ ಸೀಮೆಗಳಿಂದ, ಈಚೆಗೆ ಅಸ್ಸಾಮಿನಿಂದಲೂ, ಕೂಲಿಗೆ ಬಂದು ನೆಲೆಸಿದ ಕುಟುಂಬಗಳಿಗೆ ಊರಿನ ಭಾಷೆಯೂ ಹೊಸದು, ಆಸ್ಪತ್ರೆಯ ದಾರಿಯೂ ಹೊಸದು. ಅವರ ಕೂಸುಗಳ ಪಾಲಿಗೆ ಆ ಆಯಾಳೇ ಮೊದಲ ವೈದ್ಯೆ.

ಕೇಂದ್ರದ ಕೆಲಸವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತಿರುತ್ತದೆ. ಒಂದು ತಲೆಮಾರಿನ ಹಿಂದೆ ಇಂಥ ಕಡೆಗಳಲ್ಲಿ ಪೋಲಿಯೊದಿಂದ ಕಾಲು ಸೊರಗಿದ ಮಕ್ಕಳೇ ಹೆಚ್ಚು. ದೇಶದ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. 2014ರಲ್ಲಿ ಭಾರತವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ಹಿಂದೆ ಉಳಿಯದಿದ್ದ ದಿನ ತುಂಬದ ಶಿಶುಗಳು ಇಂದು ಉಳಿಯುತ್ತಿವೆ, ಅವುಗಳಲ್ಲಿ ಕೆಲವಕ್ಕೆ ದೀರ್ಘಕಾಲದ ಆರೈಕೆ ಬೇಕಾಗುತ್ತದೆ. 1995ರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಹೆಸರಿಸಿದ್ದರೆ, 2016ರ ಕಾಯಿದೆ ಆಟಿಸಂ, ಕಲಿಕೆಯ ತೊಡಕು, ರಕ್ತದ ಕೆಲವು ವ್ಯಾಧಿಗಳು ಸೇರಿ 21 ಬಗೆಗಳನ್ನು ಒಪ್ಪಿಕೊಂಡಿತು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರು ಎಣಿಕೆಯಾದದ್ದು ಹಳೆಯ, ಕಿರಿದಾದ ಪಟ್ಟಿಯ ಕಾಲದಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಸರ್ಕಾರದ ಏರ್ಪಾಡುಗಳಿಲ್ಲವೆಂದಲ್ಲ. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತವೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ತೀವ್ರ ವೈಕಲ್ಯದಿಂದ ಶಾಲೆಗೆ ಬರಲಾರದ ಮಗುವಿಗೆ ಮನೆಯಲ್ಲೇ ಪಾಠ ಹೇಳುವ ವ್ಯವಸ್ಥೆಯಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯಗಳುಳ್ಳವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಈ ಎಳೆಗಳು ಬಿಡಿಬಿಡಿಯಾಗಿ ಚದುರಿರುವುದರಿಂದ ಬೆಟ್ಟದ ತುದಿಯ ಮನೆಯವರ ಕೈಗೆ ಎಟುಕುವುದು ಕಷ್ಟ. ಅವನ್ನು ಹುರಿಗೊಳಿಸಿ ಒಂದು ಹಗ್ಗವಾಗಿಸುವುದೇ ಒಳ್ಳೆಯ ಕೇಂದ್ರದ ಅರ್ಧ ಕೆಲಸ. ಮಗನನ್ನು ಇಪ್ಪತ್ತು ವರ್ಷ ಎತ್ತಿ ಆಡಿಸಿದ ತಾಯಿ ರಾತ್ರಿ ನಿದ್ದೆಗೆಟ್ಟು ಕೇಳಿಕೊಳ್ಳುವ ಪ್ರಶ್ನೆ ಒಂದೇ: “ನಾನು ಹೋದ ಮೇಲೆ ಇವನ ಗತಿಯೇನು?” ಅದಕ್ಕೆ ಉತ್ತರ ಹೇಳಲಾರದ ಕೇಂದ್ರ ಎಷ್ಟು ಬೆಳೆದರೂ ಎಳೆಯದೇ.

ಪಟ್ಟಣದ ಸಹೃದಯರು ಧನಸಹಾಯ ಮಾಡುವಾಗ ಗೋಡೆಯ ಮೇಲೆ ಹೆಸರು ಕೆತ್ತಬಹುದಾದ ಕೊಠಡಿಗೆ ಕೊಡಲು ಮುಂದಾಗುವುದುಂಟು. ಅದು ಸಹಜ, ಕೊಠಡಿಯೂ ಬೇಕು. ಆದರೆ ಜೀಪಿನ ಡೀಸೆಲ್ಲಿಗೆ, ಊರಿನ ಹುಡುಗಿಯೊಬ್ಬಳ ತರಬೇತಿಗೆ, ತಾಯಿಗೆ ತಪ್ಪಿದ ಒಂದು ದಿನದ ಕೂಲಿಗೆ ಕೊಡುವವರು ಅಪರೂಪ. ಹೀಗಾಗಿ ಕೊಠಡಿಗಳು ಏಳುತ್ತವೆ, ಮಗು ಮಾತ್ರ ಮನೆಯಲ್ಲೇ ಉಳಿಯುತ್ತದೆ. ತಾಯಿಯ ಕೈ ಎಷ್ಟು ಕಲಿತಿದೆ, ಅವಳು ನಡೆಯಬೇಕಾದ ದಾರಿ ಎಷ್ಟು ಕುಗ್ಗಿದೆ ಎಂದು ನೋಡಿದರೆ ಕೇಂದ್ರದ ಬೆಳವಣಿಗೆ ತಿಳಿಯುತ್ತದೆ.

ಆ ಕೂಲಿಲೈನಿನ ಕೂಸಿಗೆ ವಾರವಾರವೂ ಪ್ಲಾಸ್ಟರು ಸಕಲೇಶಪುರದಲ್ಲೇ ದೊರೆಯಿತೆಂದು, ಬೂಟುಗಳನ್ನು ತೊಡಿಸಲು ತಾಯಿ ಕಲಿತಳೆಂದು ಭಾವಿಸೋಣ. ನಾಲ್ಕು ವರ್ಷ ಕಳೆದ ಒಂದು ಮಳೆಗಾಲದಲ್ಲಿ ಆ ಮಗು ಅಂಗಳದ ನೀರಿನಲ್ಲಿ ತುಳಿದಾಡುತ್ತಿರುತ್ತದೆ. ಒಳಗೆ ತಾಯಿ ಕಿರಿದಾದ ಬೂಟುಗಳನ್ನು ಒರೆಸಿ ಕಾಗದದಲ್ಲಿ ಸುತ್ತುತ್ತಾಳೆ. ನಾಳೆ ಜೀಪು ಬರುವ ದಿನ. ಪಕ್ಕದ ತೋಟದಲ್ಲಿ ಅಂಥದೇ ಪಾದದ ಕೂಸೊಂದು ಹುಟ್ಟಿದೆಯಂತೆ.