ಬೆವರು ಅಳೆಯುವ ವಿದ್ವಾಂಸರಿಗೆ

ಮಕ್ಕಳು ಕಲಿತದ್ದನ್ನು ಅಳೆದರೆ ಸಾಲದು, ಕಲಿಯುತ್ತಿರುವುದನ್ನೇ ಅಳೆಯಬೇಕು ಎಂದು ಹೊರಟ ವಿದ್ವಾಂಸರು ದೊಡ್ಡ ದೊಡ್ಡ ಸಮ್ಮೇಳನಗಳಲ್ಲಿ ಕೂಡುತ್ತಾರೆ. ಯುರೋಪಿನ ಕಲಿಕೆ ಸಂಶೋಧಕರು 1985ರಲ್ಲಿ ಕಟ್ಟಿಕೊಂಡ 'ಅರ್ಲಿ' ಎಂಬ ಸಂಘದಲ್ಲಿ ಇದಕ್ಕೆಂದೇ ಒಂದು ಗುಂಪಿದೆ. 'ಕಲಿಕೆಯ ಪ್ರಕ್ರಿಯೆಗಳ ಆನ್‌ಲೈನ್ ಅಳತೆ' ಅಂತ ಅದರ ಹೆಸರು. ಆನ್‌ಲೈನ್ ಅಂದಾಕ್ಷಣ ಮೊಬೈಲು, ಇಂಟರ್ನೆಟ್ಟು ಅಂದುಕೊಳ್ಳಬೇಡಿ. ಅವರ ಪರಿಭಾಷೆಯಲ್ಲಿ ಕೆಲಸ ನಡೆಯುತ್ತಿರುವಾಗಲೇ ಅಂತ ಅದರ ಅರ್ಥ. ಓದುವಾಗ ಮಗುವಿನ ಕಣ್ಣು ಯಾವ ಪದದ ಮೇಲೆ ಎಷ್ಟು ಹೊತ್ತು ನಿಂತಿತು, ಅಂಗೈ ಎಷ್ಟು ಬೆವರಿತು, ಎದೆ ಹೇಗೆ ಬಡಿಯಿತು, ನೆತ್ತಿಗೆ ಹಚ್ಚಿದ ತಂತಿಯಲ್ಲಿ ಮಿದುಳಿನ ಅಲೆ ಹೇಗೆ ಏರಿಳಿಯಿತು, ಕಂಪ್ಯೂಟರಿನ ಯಾವ ಗುಂಡಿಯನ್ನು ಎಷ್ಟು ಸಲ ಒತ್ತಿತು, ಎಲ್ಲವೂ ಕ್ಷಣಕ್ಷಣಕ್ಕೂ ದಾಖಲಾಗಬೇಕು. 2011ರಲ್ಲಿ ಕೆನಡಾದ ಬ್ಯಾನ್ಫ್ ಎಂಬ ಊರಿನಲ್ಲಿ ಇದೇ ದಾರಿಯ ಇನ್ನೊಂದು ಸಮ್ಮೇಳನ ಶುರುವಾಯಿತು. ಕಲಿಯುವವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕಿ, ಅಳೆದು, ವಿಶ್ಲೇಷಿಸಿ ಕಲಿಕೆಯನ್ನು ಉತ್ತಮಪಡಿಸುವುದು ಅದರ ಗುರಿಯಂತೆ.

ಒಳ್ಳೇದು ಸ್ವಾಮಿ. ನಾವು ಇದನ್ನು ಓದಿ ನಗಲಿಲ್ಲ. ಯಾಕಂದ್ರೆ ಬೆವರಿನ ವಿಚಾರ ನಮಗೆ ನಿಮಗಿಂತ ಚೆನ್ನಾಗಿ ಗೊತ್ತು.

ಬೆವರು ಅಳೆಯುವ ಯಂತ್ರ ಮೈ ಕೆರಳಿದೆ ಅಂತ ಹೇಳುತ್ತದೆ. ಯಾಕೆ ಕೆರಳಿತು ಅಂತ ಹೇಳುವುದಿಲ್ಲ. ಲೆಕ್ಕ ಹೊಳೆದ ಖುಷಿಗೂ ಅದೇ ಬೆವರು, ಮೇಷ್ಟ್ರ ಕೋಲಿನ ಭಯಕ್ಕೂ ಅದೇ ಬೆವರು. ಇದನ್ನು ಆ ವಿದ್ವಾಂಸರೇ ಒಪ್ಪುತ್ತಾರೆ, ಅದಕ್ಕೇ ಒಂದು ಯಂತ್ರ ಸಾಲದೆಂದು ನಾಲ್ಕು ಯಂತ್ರ ಜೋಡಿಸುತ್ತಾರೆ. ಆದರೆ ಆ ನಾಲ್ಕೂ ಯಂತ್ರಗಳ ಮೂತಿ ಮಗುವಿನ ಕಡೆಗೇ ತಿರುಗಿರುತ್ತದೆ. ನಮ್ಮ ತಕರಾರು ಶುರುವಾಗುವುದು ಇಲ್ಲಿಂದ.

ನಮ್ಮಲ್ಲಿ ಹಲವರಿಗೆ ಮೇಷ್ಟ್ರು ಹೊಡೆಯುವಾಗಲೂ ಕೋಲನ್ನು ದೂರದಿಂದ ಎಸೆದು ಹೊಡೆದಿದ್ದಾರೆ, ಎಲ್ಲಿ ಮುಟ್ಟಿಬಿಡುತ್ತೀವೋ ಅಂತ. ಇನ್ನು ಕೆಲವರು ಆ ಕಾಲ ಕಾಣದ ಅದೃಷ್ಟವಂತರು, ಅವರು ಬರೀ ಸ್ಕಾಲರ್‌ಷಿಪ್ಪಿನ ದಿನ ಎದ್ದು ನಿಂತವರು. 'ಎಸ್ಸಿ ಮಕ್ಕಳೆಲ್ಲ ಎದ್ ನಿಂತ್ಕಳ್ರೋ' ಅಂತ ಒಂದು ಕೂಗು. ನಲವತ್ತು ಜನರ ಕ್ಲಾಸಿನಲ್ಲಿ ಏಳು ಜನ ಎದ್ದರೆ ಉಳಿದ ಮೂವತ್ಮೂರು ಜೊತೆ ಕಣ್ಣು ತಿರುಗುತ್ತವೆ. ಅದಾದ ಅರ್ಧ ಗಂಟೆಗೆ ಮಗ್ಗಿ ಕೇಳುತ್ತಾರೆ. ಹದಿಮೂರರ ಮಗ್ಗಿ ಬಾಯಲ್ಲಿ ಬರುವುದಿಲ್ಲ. 'ಇವಕ್ಕೆ ತಲೆಗೆ ಹತ್ತಲ್ಲ ಬಿಡಿ' ಅಂತ ಷರಾ ಬೀಳುತ್ತದೆ.

ಇದು ನಮ್ಮ ಹೊಟ್ಟೆಯುರಿಯ ಮಾತು ಅನ್ನುವವರಿಗೆ ಅವರದೇ ಸಂಶೋಧನೆಯ ಭಾಷೆಯಲ್ಲಿ ಹೇಳುತ್ತೇವೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳ ಆರು, ಏಳನೇ ಕ್ಲಾಸಿನ ಹುಡುಗರ ಕೈಗೆ ದಾರಿ ಹುಡುಕುವ ಒಗಟು ಕೊಟ್ಟು, ಬಿಡಿಸಿದ್ದಕ್ಕೆ ಕಾಸು ಕೊಟ್ಟರು. ಅರ್ಧದಷ್ಟು ಮೇಲ್ಜಾತಿಯವರು, ಅರ್ಧದಷ್ಟು ಚಮಾರರ ಹುಡುಗರು. ಯಾರ ಜಾತಿಯನ್ನೂ ಬಾಯಿಬಿಟ್ಟು ಹೇಳದೇ ಇದ್ದಾಗ ಎರಡು ಗುಂಪಿಗೂ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಆಮೇಲೆ ಬೇರೆ ಸರತಿಗಳಲ್ಲಿ ಹುಡುಗನ ಹೆಸರು, ಅಪ್ಪನ ಹೆಸರು, ತಾತನ ಹೆಸರು, ಊರು, ಜಾತಿ ಎಲ್ಲವನ್ನೂ ಎಲ್ಲರ ಮುಂದೆ ಓದಿ ಹೇಳಿದರು. ಅಷ್ಟೇ. ಚಮಾರರ ಹುಡುಗರು ಬಿಡಿಸಿದ ಒಗಟುಗಳ ಎಣಿಕೆ ಕೆಳಕ್ಕೆ ಬಿತ್ತು. 2004ರಲ್ಲಿ, 2006ರಲ್ಲಿ ಇದೆಲ್ಲ ಅಚ್ಚಾಗಿದೆ.

ಈಗ ಕೇಳುತ್ತೇವೆ: ಆ ಗಳಿಗೆಯಲ್ಲಿ ಆ ಹುಡುಗನ ನೆತ್ತಿಗೆ ತಂತಿ ಹಚ್ಚಿದ್ದರೆ ನಿಮ್ಮ ಯಂತ್ರ ಏನು ಬರೆಯುತ್ತಿತ್ತು? 'ಗಮನ ಕುಸಿದಿದೆ' ಅಂತ ಬರೆಯುತ್ತಿತ್ತು. ಕುಸಿಯುವ ಹಾಗೆ ಮಾಡಿದ ಬಾಯಿ ಯಾರದು ಅಂತ ಬರೆಯಲು ಅದರಲ್ಲಿ ಕಾಲಮ್ಮೇ ಇಲ್ಲ.

ನಮ್ಮ ಹಿರಿಯರು ಕೂಲಿಗೆ ಹೋದ ಗೌಡರ ಮನೆಗಳಲ್ಲಿ ಎರಡೆರಡು ಕೊಳಗ ಇರುತ್ತಿದ್ದವು. ಗೇಣಿ ಅಳೆದುಕೊಳ್ಳುವಾಗ ಒಂದು, ಕೂಲಿ ಅಳೆದು ಕೊಡುವಾಗ ಇನ್ನೊಂದು. ಎರಡಕ್ಕೂ ಹೆಸರು ಕೊಳಗ ಅಂತಲೇ. ಅಳತೆ ಅಂದಾಗಲೆಲ್ಲ ನಮಗೆ ನೆನಪಾಗುವುದು ಅದು. ಹರ್ಬರ್ಟ್ ರಿಸ್ಲೆ ಎಂಬ ಬ್ರಿಟಿಷ್ ಅಧಿಕಾರಿ, 1901ರ ಜನಗಣತಿಯ ಯಜಮಾನ, ಈ ದೇಶದ ಜನರ ಮೂಗುಗಳನ್ನು ಅಳೆಸಿದ. ಮೂಗು ಅಗಲವಾದಷ್ಟೂ ಜಾತಿ ಕೀಳು ಅಂತ ಶಾಸ್ತ್ರ ಬರೆದ. ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಬುದ್ಧಿ ಪರೀಕ್ಷೆ ಮಾಡಿದ್ದು ಯಾವ ಮಗುವಿಗೆ ಹೆಚ್ಚು ನೆರವು ಬೇಕು ಅಂತ ಹುಡುಕಲು. ಅದು ಸಮುದ್ರ ದಾಟಿ ಅಮೆರಿಕಕ್ಕೆ ಹೋದದ್ದೇ ತಡ ದೊಣ್ಣೆಯಾಯಿತು. ಆ ನಂಬರು ಹಿಡಿದು ಕರಿಯ ಮಕ್ಕಳನ್ನು ಮಂದಬುದ್ಧಿಯವರ ಕ್ಲಾಸಿಗೆ ತಳ್ಳುವುದು ತಪ್ಪು ಅಂತ ಕ್ಯಾಲಿಫೋರ್ನಿಯಾದ ಕೋರ್ಟು ಹೇಳಬೇಕಾದರೆ 1979 ಆಗಬೇಕಾಯಿತು.

ಹಾಗಂತ ನಾವು ಅಳತೆಯ ಶತ್ರುಗಳೇ? ಅಲ್ಲವೇ ಅಲ್ಲ. ಲೆಕ್ಕ ಬೇಡ, ಜಾತಿ ಕೇಳಬೇಡಿ, ಎಲ್ಲ ಒಂದೇ ಅನ್ನುವವರು ಬೇರೆಯವರು. ಅವರ ಹೊಟ್ಟೆ ತುಂಬಿದೆ. ರಿಸ್ಲೆಯ ಜಾಡಿನವರು ಅಳೆದಿಟ್ಟ ಅದೇ ಮೂಗಿನ ಅಂಕಿಗಳನ್ನು 1948ರ ತಮ್ಮ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಬಾಬಾಸಾಹೇಬರು ಕೈಗೆತ್ತಿಕೊಂಡರು. ಬ್ರಾಹ್ಮಣನ ಮೂಗೂ ಅಸ್ಪೃಶ್ಯನ ಮೂಗೂ ಒಂದೇ ಜನಾಂಗದ್ದು ಅಂತ ಅದೇ ಅಂಕಿಗಳಿಂದ ತೋರಿಸಿದರು. ನಮ್ಮ ರಾಜ್ಯದಲ್ಲೇ 1961ರಲ್ಲಿ ನಾಗನಗೌಡ ಸಮಿತಿ ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಯಾವ ಜಾತಿಯ ಎಷ್ಟು ಮಕ್ಕಳಿದ್ದಾರೆ ಅಂತ ಎಣಿಸಿತು. ರಾಜ್ಯದ ಸರಾಸರಿ ಸಾವಿರ ಜನಕ್ಕೆ 6.9. ಅದಕ್ಕಿಂತ ಕೆಳಗೆ ಯಾರು, ಮೇಲೆ ಯಾರು? ಹಾವನೂರರ ಆಯೋಗವೂ 1975ರ ವರದಿಗೆ ಎಸ್ಸೆಸ್ಸೆಲ್ಸಿ ಪಾಸಾದವರನ್ನು ಜಾತಿವಾರು ಹೀಗೇ ಲೆಕ್ಕ ಹಾಕಿತು. ಆ ಲೆಕ್ಕಗಳಲ್ಲಿ ಕೊರತೆ ಇದ್ದಾವು, ಜಗಳ ಆಡಿದವರೂ ಇದ್ದಾರೆ. ಆದರೆ ಗಮನಿಸಿ: ಅವರು ಹಿಂದೆ ಬಿದ್ದ ಹುಡುಗನ ಅಂಗೈ ಹಿಡಿದು ಬೆವರು ನೋಡಲಿಲ್ಲ. ಅವನನ್ನು ಹೊರಗಿಟ್ಟ ಸಮಾಜಕ್ಕೆ ಮೊಳಕೋಲು ಹಿಡಿದರು.

ಇನ್ನೊಂದು ಅಧ್ಯಯನ ಇದೆ. ನಮಗೇ ಚುಚ್ಚುವಂಥದ್ದು, ಮುಚ್ಚಿಡುವುದಿಲ್ಲ. ರೀಮಾ ಹನ್ನಾ, ಲೀ ಲಿಂಡೆನ್ ಎಂಬವರು 2012ರಲ್ಲಿ ಪ್ರಕಟಿಸಿದ್ದು. ಭಾರತದ ಮಕ್ಕಳು ಬರೆದ ಉತ್ತರ ಪತ್ರಿಕೆಗಳ ಮುಖಪುಟದ ಮೇಲೆ ಇಷ್ಟಬಂದ ಹಾಗೆ ಜಾತಿ ಬರೆದು ಮೇಷ್ಟ್ರುಗಳಿಗೆ ತಿದ್ದಲು ಕೊಟ್ಟರು. ಕೆಳಜಾತಿ ಅಂತ ಬರೆದ ಪತ್ರಿಕೆಗೆ ತುಸು ಕಡಿಮೆ ನಂಬರು ಬಿತ್ತು. ಅಂತರ ಸಣ್ಣದು. ಆದರೆ ಕಡಿಮೆ ಕೊಟ್ಟವರಲ್ಲಿ ಎದ್ದು ಕಂಡವರು ಕೆಳಜಾತಿಯಿಂದಲೇ ಬಂದ ಮೇಷ್ಟ್ರುಗಳು! ಗೌಡನ ಕೊಳಗ ನಮ್ಮ ಕೈಗೆ ಬಂದ ಮಾತ್ರಕ್ಕೆ ನ್ಯಾಯದ ಅಳತೆ ಆಗುವುದಿಲ್ಲ ಅಂತ ನಾವು ಕಲಿತ ಪಾಠ ಇದು. ಕೇರಿಯಿಂದ ಹೋಗಿ ಮೇಷ್ಟ್ರಾದ ಅಣ್ಣಂದಿರು, ಅಕ್ಕಂದಿರು ದಯವಿಟ್ಟು ಈ ಸಾಲುಗಳನ್ನು ಎರಡು ಸಲ ಓದಬೇಕು.

ಈ ವಿದ್ವಾಂಸರ ಹಳೆಯ ವಿಧಾನ ಒಂದಿದೆ. ಯೋಚಿಸುತ್ತಾ ಯೋಚಿಸುತ್ತಾ ಅದನ್ನೇ ಗಟ್ಟಿಯಾಗಿ ಹೇಳು ಅನ್ನುತ್ತಾರೆ, ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಾರೆ. ಮಾತಿಗೆ ಮರ್ಯಾದೆ ಇರುವ ಮನೆಯ ಮಗು ಹೇಳೀತು. ದೊಡ್ಡವರ ಎದುರು ಬಾಯಿ ಬಿಟ್ಟರೆ ಒದೆ ಅಂತ ತಲೆಮಾರುಗಳಿಂದ ಕಲಿತ ಮನೆಯ ಮಗು? ಅದರ ಮೌನವನ್ನು ಯಾವ ಖಾನೆಗೆ ಹಾಕುತ್ತೀರಿ? ನೆತ್ತಿಯ ತಂತಿಯ ಕಥೆಯೂ ಹೀಗೇ. ಆಫ್ರಿಕಾ ಮೂಲದವರ ಗುಂಗುರು ಕೂದಲಿನ ಮೇಲೆ ಅದು ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಅವರನ್ನು ಪ್ರಯೋಗದಿಂದಲೇ ಬಿಟ್ಟುಬಿಟ್ಟದ್ದುಂಟು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಯಂತ್ರಗಳನ್ನು 2018ರಲ್ಲಿ ಜಾಯ್ ಬುಓಲಮ್ವಿನಿ, ಟಿಮ್ನಿಟ್ ಗೆಬ್ರು ಎಂಬ ಹೆಣ್ಣುಮಕ್ಕಳು ಪರೀಕ್ಷೆಗಿಟ್ಟಾಗ, ಕಪ್ಪು ಹೆಂಗಸರ ವಿಷಯದಲ್ಲಿ ತಪ್ಪು ಶೇಕಡಾ 34.7ರವರೆಗೆ ಹೋಯಿತು, ಬಿಳಿ ಗಂಡಸರಲ್ಲಿ ಶೇಕಡಾ 0.8 ದಾಟಲಿಲ್ಲ. ಯಂತ್ರಕ್ಕೆ ಜಾತಿಯಿಲ್ಲ ಅನ್ನುವವರು ಈ ಅಂಕಿ ಇಟ್ಟುಕೊಳ್ಳಲಿ.

2019ರಲ್ಲಿ ಚೀನಾದ ಜಿನ್‌ಹುವಾ ಎಂಬಲ್ಲಿ ಒಂದು ಪ್ರೈಮರಿ ಶಾಲೆಯ ಮಕ್ಕಳ ಹಣೆಗೆ ಪಟ್ಟಿ ಕಟ್ಟಿದರು. ಗಮನ ಇದ್ದರೆ ಒಂದು ಬಣ್ಣದ ದೀಪ, ತಪ್ಪಿದರೆ ಇನ್ನೊಂದು. ಜನ ಛೀಮಾರಿ ಹಾಕಿದ ಮೇಲೆ ನಿಂತಿತು. ಯುರೋಪಿನವರು 2024ರಲ್ಲಿ ಕಾಯ್ದೆ ಮಾಡಿ, ಮುಖ ಮೈ ನೋಡಿ ಭಾವನೆ ಊಹಿಸುವ ಯಂತ್ರಗಳನ್ನು ತಮ್ಮ ಶಾಲೆಗಳಲ್ಲಿ, ಕೆಲಸದ ಜಾಗಗಳಲ್ಲಿ ಕೂಡದು ಎಂದರು. ಚಿಕಿತ್ಸೆ, ಸುರಕ್ಷತೆಯ ಕಾರಣ ಬಿಟ್ಟರೆ 2025ರ ಫೆಬ್ರವರಿಯಿಂದ ಅಲ್ಲಿ ಅದು ನಿಷಿದ್ಧ. ಅವರ ಮಕ್ಕಳಿಗೆ ಕಾಯ್ದೆಯ ಕಾವಲಿದೆ, ಸಂತೋಷ. ನಮ್ಮ ಕರ್ನಾಟಕದ ಸರ್ಕಾರಿ ಶಾಲೆಗಳಿಗೂ ಹಾಜರಿ ನೆಪದಲ್ಲಿ ಮುಖ ಗುರುತಿಸುವ ಯಂತ್ರ ತರುವ ಮಾತು ಅದೇ 2025ರಲ್ಲಿ ಎದ್ದಿತು. ಸರ್ಕಾರಿ ಶಾಲೆಯಲ್ಲಿ ಈಗ ಯಾರ ಮಕ್ಕಳು ಉಳಿದಿದ್ದಾರೆ ಅಂತ ಬಿಡಿಸಿ ಹೇಳಬೇಕೇ? ಇವತ್ತು ಹಾಜರಿ. ನಾಳೆ ಗಮನ. ನಾಡಿದ್ದು 'ಈ ಮಗುವಿಗೆ ಆಸಕ್ತಿಯಿಲ್ಲ' ಅಂತ ಯಂತ್ರವೇ ಷರಾ ಬರೆದರೆ, ಅದರ ಎದುರು ನಮ್ಮ ಅವ್ವಂದಿರು ಏನಂತ ವಾದ ಮಾಡಬೇಕು? ಮೇಷ್ಟ್ರಾದರೆ ಹೆಬ್ಬಾಗಿಲಲ್ಲಿ ನಿಂತು ಬಯ್ಯಬಹುದಿತ್ತು.

ಬಾಬಾಸಾಹೇಬರು ಶಾಲೆಯಲ್ಲಿ ಮೂಲೆಯಲ್ಲಿ ಕೂರಲು ಮನೆಯಿಂದ ಗೋಣಿತಾಟು ಒಯ್ಯುತ್ತಿದ್ದರು, ಸಂಜೆ ವಾಪಸು ತರುತ್ತಿದ್ದರು. ಅದನ್ನು ಮುಟ್ಟುವವರಿರಲಿಲ್ಲ. ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರಿಲ್ಲ. ಬಾಯಾರಿದ ಆ ಹುಡುಗನ ಕಣ್ಣು ಪುಸ್ತಕದ ಯಾವ ಸಾಲಿನ ಮೇಲೆ ಎಷ್ಟು ಹೊತ್ತು ನಿಂತಿತ್ತು ಅಂತ ಅಳೆದು ಏನು ಪ್ರಯೋಜನ? ಅಳೆಯುವುದಾದರೆ ಅವನಿಗೂ ನಲ್ಲಿಗೂ ಇದ್ದ ದೂರ ಅಳೆಯಬೇಕಿತ್ತು.

ಕಣ್ಣಿನ ಜಾಡು ಹಿಡಿಯುವ ಕನ್ನಡಕ ನಿಮ್ಮಲ್ಲಿದೆ. ಪಾಠ ಮಾಡುವ ಮೇಷ್ಟ್ರಿಗೇ ಅದನ್ನು ಹಾಕಿ ಅವರ ನೋಟ ಎಲ್ಲೆಲ್ಲಿ ಹೋಗುತ್ತದೆ ಅಂತ ನಿಮ್ಮವರೇ ಕೆಲವರು ನೋಡಿದ್ದಾರೆ, ಅದೂ ನಮಗೆ ಗೊತ್ತು. ಆ ಕನ್ನಡಕ ತನ್ನಿ. ನಮ್ಮ ಊರಿನ ಸ್ಕೂಲಿಗೇ ತನ್ನಿ. ಮುಂದಿನ ಬೆಂಚಿನ ಮೇಲೆ ಎಷ್ಟು ಸೆಕೆಂಡು, ಹಿಂದಿನ ಬೆಂಚಿನ ಮೇಲೆ ಎಷ್ಟು, ಯಾವ ಮಗುವಿನ ಕೈಯಿಂದ ಸ್ಲೇಟು ಇಸಕೊಂಡರು, ಯಾವ ಮಗುವಿಗೆ ಅಲ್ಲೇ ಇಡು ಅಂದರು, ಎಲ್ಲ ಬರೆಯಿರಿ. ಪಕ್ಕದಲ್ಲಿ ಜಾತಿಯ ಕಾಲಮ್ಮು ಇರಲಿ. ಆಮೇಲೆ ಆ ಲೆಕ್ಕವನ್ನು ನಿಮ್ಮ ಸಮ್ಮೇಳನಕ್ಕೆ ಒಯ್ಯುವ ಮೊದಲು ಒಂದು ಸಂಜೆ ಕೇರಿಗೆ ಬಂದು, ಆ ಮಕ್ಕಳ ಅವ್ವಂದಿರ ಮುಂದೆ ಕೂತು, ಕನ್ನಡದಲ್ಲಿ ಓದಿ ಹೇಳಿ.