ಹದಿನಾರಕ್ಕೆ ಲೈಸನ್ಸು ಉಂಟು, ಗಾಡಿ ಎಲ್ಲುಂಟು?

ಕೆದಂಬಾಡಿಯಲ್ಲಿ ಪಿ.ಯು.ಸಿ. ಓದುವ ಹುಡುಗನಿರುವ ಮನೆಗಳಲ್ಲಿ ಅಡಿಕೆ ಮಾರಿದ ದುಡ್ಡು ಕೈಗೆ ಬರುವ ಮೊದಲೇ ಅದಕ್ಕೊಂದು ಬೇಡಿಕೆ ಕಾದು ಕೂತಿರುತ್ತದೆ. ಆ ಬೇಡಿಕೆಯ ಹೆಸರು ಬೈಕು. ಬೆಳಿಗ್ಗೆ ಬಸ್ಸು ತಪ್ಪಿತು, ಬೈಕು ಬೇಕು. ಬಸ್ಸು ಸಿಕ್ಕಿತು, ಕಾಲಿಡಲು ಜಾಗ ಸಿಗಲಿಲ್ಲ, ಬೈಕು ಬೇಕು. ಪಕ್ಕದ ಮನೆಯವನಿಗೆ ತೆಗೆದುಕೊಟ್ಟಿದ್ದಾರೆ, ಇನ್ನು ಬೇಕೇ ಬೇಕು.

ಅಪ್ಪ ಮೊದಲು ಗದರುತ್ತಾರೆ. ಆಮೇಲೆ ಲೆಕ್ಕ ಹಾಕುತ್ತಾರೆ. ಕೊನೆಗೆ ವಿಷಯ ತಿಂಗಳಾಡಿ ಪೇಟೆಯ ಅಂಗಡಿ ಜಗಲಿಗೆ ಬರುತ್ತದೆ.

"ಮಗನಿಗೆ ಎಷ್ಟಾಯಿತು ಅಣ್ಣ?"

"ಹದಿನೇಳು ಆಗ್ತಾ ಬಂತು."

"ಹಾಗಾದ್ರೆ ಎಂತ ಚಿಂತೆ? ಹದಿನಾರಕ್ಕೆ ಗೇರಿಲ್ಲದ್ದು ಬಿಡ್ಲಿಕ್ಕೆ ಆಗ್ತದಲ್ಲ. ಒಂದು ಸ್ಕೂಟರ್ ತೆಗೆದುಕೊಡಿ. ಗೇರ್ ಬೈಕು ಹದಿನೆಂಟಕ್ಕೆ ನೋಡುವ."

ಈ ಮಾತು ತಿಂಗಳಾಡಿಯಲ್ಲಿ ಮಾತ್ರ ಅಲ್ಲ, ಕುಂಬ್ರದಲ್ಲೂ ಬೆಳ್ಳಾರೆಯಲ್ಲೂ ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲೂ ಕೇಳಿಬರುತ್ತದೆ. ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಮಾತು ಮಾತ್ರ ಅರ್ಧ ಸತ್ಯ. ಉಳಿದ ಅರ್ಧದಲ್ಲಿ 25 ಸಾವಿರ ರೂಪಾಯಿ ದಂಡ, ಜೈಲು ಮತ್ತು ತೋಟ ಅಡವಿಡುವ ಸಂಗತಿ ಅಡಗಿದೆ.

ಕಾನೂನಿನ ಪುಸ್ತಕದಲ್ಲಿ ಇರುವುದೇನು?

1988ರ ಮೋಟಾರು ವಾಹನ ಕಾಯಿದೆಯ 4ನೇ ಕಲಮು ಹೇಳುವುದು ಇಷ್ಟೆ. ಹದಿನೆಂಟು ತುಂಬದವರು ಸಾರ್ವಜನಿಕ ರಸ್ತೆಯಲ್ಲಿ ಮೋಟಾರು ವಾಹನ ಓಡಿಸಬಾರದು. ಇದಕ್ಕೆ ಒಂದು ವಿನಾಯಿತಿ ಉಂಟು. ಹದಿನಾರು ತುಂಬಿದವರು 50 ಸಿ.ಸಿ. ಮೀರದ ಎಂಜಿನಿನ ಮೋಟಾರು ಸೈಕಲು ಓಡಿಸಬಹುದು. ಅದಕ್ಕೂ ಲೈಸನ್ಸು ಬೇಕು. ಹದಿನೆಂಟರ ಒಳಗಿನವರು ಗೇರಿಲ್ಲದ ಗಾಡಿಯ ಎಲ್.ಎಲ್. ಮಾಡಿಸಬೇಕಾದರೆ ಪೋಷಕರು ಬರಹದಲ್ಲಿ ಒಪ್ಪಿಗೆ ಕೊಡಬೇಕು.

ಜಗಲಿಯ ಮಾತಿನಲ್ಲಿ 'ಗೇರಿಲ್ಲದ್ದು' ಎಂಬ ಶಬ್ದ ಉಳಿಯಿತು, '50 ಸಿ.ಸಿ.' ಎಂಬುದು ಬಿದ್ದುಹೋಯಿತು. ಎಡವಟ್ಟು ಆದದ್ದು ಅಲ್ಲಿ. ಇವತ್ತು ಮನೆಮನೆಯಲ್ಲಿ ನಿಂತಿರುವ ಗೇರಿಲ್ಲದ ಪೆಟ್ರೋಲ್ ಸ್ಕೂಟರು 110 ಸಿ.ಸಿ. ಇಲ್ಲವೇ 125 ಸಿ.ಸಿ.ಯದ್ದು. ಗೇರು ಇಲ್ಲ ನಿಜ. ಆದರೆ ಹದಿನೇಳರ ಹುಡುಗ ಅದನ್ನು ಏರಿದರೆ ಕಾನೂನಿನ ಕಣ್ಣಿಗೆ 200 ಸಿ.ಸಿ. ಬೈಕು ಏರಿದ ಹಾಗೆಯೇ.

ಹಾಗಾದರೆ 50 ಸಿ.ಸಿ. ಗಾಡಿಯನ್ನೇ ತೆಗೆದುಕೊಡುವ ಎಂದು ಯಾರಾದರೂ ಪುತ್ತೂರಿಗೋ ಮಂಗಳೂರಿಗೋ ಹೊರಟರೆ? ಷೋರೂಮಿನ ಹುಡುಗರು ಮುಖ ಮುಖ ನೋಡಿಕೊಂಡಾರು. ಹೊಸ ಗಾಡಿಗಳ ಸಾಲಿನಲ್ಲಿ ಅಂಥದ್ದು ಇಲ್ಲವೇ ಇಲ್ಲ.

ಮೆಟ್ಟಿಲು ಕಳಚಿದ್ದು ಹೇಗೆ?

ಒಂದು ಕಾಲದಲ್ಲಿ ಇತ್ತು. 1972ರಲ್ಲಿ ಕೈನೆಟಿಕ್ ಕಂಪೆನಿಯ ಲೂನಾ ಬಂತು. ಪೆಡಲು ತುಳಿದು ಚಾಲೂ ಮಾಡುವ 50 ಸಿ.ಸಿ. ಮೊಪೆಡ್. 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಬಂತು, ಇಬ್ಬರು ಕೂರುವಂಥದ್ದು. ಶಾಲೆಯ ಮೇಷ್ಟ್ರು, ಪೋಸ್ಟ್‌ಮ್ಯಾನು, ಹಾಲಿನವರು, ಮೀನಿನವರು ಎಲ್ಲರಿಗೂ ಅದೇ ಗಾಡಿ. ಅಪ್ಪ ಹಿಂದೆ ಕೂತು ಮಗನಿಗೆ ಕಲಿಸಿದ್ದೂ ಅದರಲ್ಲೇ. ಬಿದ್ದರೆ ಮೊಣಕಾಲು ತರಚುತ್ತಿತ್ತು. ಎತ್ತಿ ನಿಲ್ಲಿಸಲು ಒಬ್ಬ ಹುಡುಗ ಸಾಕಿತ್ತು.

1988ರ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂದಾಗ ಹದಿನಾರರ ವಿನಾಯಿತಿಗೆ ಅರ್ಥ ಇತ್ತು. ಆಮೇಲೆ ಹೊಗೆಯ ನಿಯಮ ಬಿಗಿಯಾಯಿತು, ಎರಡು ಸ್ಟ್ರೋಕಿನ ಎಂಜಿನು ಮೂಲೆ ಸೇರಿತು, ಕೊಳ್ಳುವವರಿಗೂ ಹೆಚ್ಚು ಎಳೆಯುವ ಗಾಡಿ ಬೇಕಾಯಿತು. ಮೊಪೆಡ್ ಎಂಬ ಹೆಸರಿನಲ್ಲಿ ಇವತ್ತೂ ಓಡುತ್ತಿರುವ ಟಿ.ವಿ.ಎಸ್. ಎಕ್ಸೆಲ್ 100 ಕೂಡ 99.7 ಸಿ.ಸಿ.ಯದ್ದು. ಹದಿನಾರರ ಹುಡುಗನಿಗೆ ಅದೂ ಇಲ್ಲ.

ಗಾಡಿ ಹೋಯಿತು, ಕಲಮು ಉಳಿಯಿತು. ಮನೆಗೆ ಹತ್ತುವ ಮೊದಲ ಮೆಟ್ಟಿಲು ಕಳಚಿ ಬಿದ್ದ ಮೇಲೂ 'ಇಲ್ಲಿ ಹತ್ತಿ' ಎಂಬ ಬೋರ್ಡು ತೂಗಾಡುತ್ತಿರುವ ಹಾಗೆ.

ಕರೆಂಟಿನ ಗಾಡಿ ಆಗಲಿಕ್ಕಿಲ್ಲವೇ?

ಬುದ್ಧಿವಂತರು ಇಲ್ಲಿ ಬ್ಯಾಟರಿ ಸ್ಕೂಟರಿನ ಮಾತು ತೆಗೆಯುತ್ತಾರೆ. "ಅದಕ್ಕೆ ಲೈಸನ್ಸೂ ಬೇಡ, ನಂಬರೂ ಬೇಡ." ಇದೂ ಅರ್ಧ ಸತ್ಯವೇ.

ಕೇಂದ್ರದ ನಿಯಮದಂತೆ ಮೋಟರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ.ಯ ಒಳಗೆ ಇದ್ದು, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ಗಾಡಿಯನ್ನು ಮಾತ್ರ ಮೋಟಾರು ವಾಹನ ಎಂದು ಲೆಕ್ಕ ಹಾಕುವುದಿಲ್ಲ. ಅದಕ್ಕೆ ಲೈಸನ್ಸು ಬೇಡ. ಆದರೆ ಕೆದಂಬಾಡಿಯ ಏರುತಗ್ಗಿನಲ್ಲಿ, ಮಳೆಗಾಲದ ಕೆಸರಿನಲ್ಲಿ 250 ವ್ಯಾಟಿನ ಮೋಟರು ಎಷ್ಟು ಎಳೆದೀತು ಎಂಬುದು ಗಾಡಿ ತೆಗೆದ ಮೇಲೆ ಗೊತ್ತಾಗುವ ವಿಷಯ. ಏರು ಹತ್ತುವ ಹುಮ್ಮಸ್ಸಿನ ಬ್ಯಾಟರಿ ಗಾಡಿಗಳು 50, 60, 80ರ ವೇಗ ಹೋಗುತ್ತವೆ. ಅವಕ್ಕೆ ನಂಬರೂ ಬೇಕು, ಲೈಸನ್ಸೂ ಬೇಕು, ವಿಮೆಯೂ ಬೇಕು. ಲೂನಾ ಹೆಸರಿನಲ್ಲೇ 2024ರ ಫೆಬ್ರವರಿಯಲ್ಲಿ ಬ್ಯಾಟರಿ ಗಾಡಿ ಬಂದಿದೆ. ಹೆಸರು ಹಳೆಯದು, ಆದರೆ ವೇಗ 25 ಮೀರುವುದರಿಂದ ಅದಕ್ಕೂ ಲೈಸನ್ಸು ಬೇಕು.

ಬ್ಯಾಟರಿ ಗಾಡಿಗೆ ಸಿ.ಸಿ.ಯೇ ಇಲ್ಲ. ಹಾಗಾಗಿ '50 ಸಿ.ಸಿ.' ಎಂದು ಬರೆದ ಕಲಮಿಗೆ ಅದನ್ನು ಅಳೆಯುವ ಕೋಲೂ ಇಲ್ಲ. ಹದಿನಾರರವರಿಗೆ ಗೇರಿಲ್ಲದ ಕರೆಂಟಿನ ಸ್ಕೂಟರು ಬಿಡಲು ಅವಕಾಶ ಕೊಡುವ ಮಾತನ್ನು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2018ರಲ್ಲಿಯೇ ಆಡಿದ್ದರು. ಮಾತು ಆಡಿದ ವರ್ಷ ಹತ್ತು ವಯಸ್ಸಿನ ಹುಡುಗರಿಗೆ ಆಮೇಲೆ ಹದಿನಾರೂ ತುಂಬಿತು.

ದಂಡ ಕಟ್ಟುವವರು ಯಾರು?

2019ರ ಸೆಪ್ಟೆಂಬರ್ 1ರಂದು ಕಾಯಿದೆಗೆ 199ಎ ಎಂಬ ಹೊಸ ಕಲಮು ಸೇರಿತು. ಅಂಗಡಿಯವರು, ಬಸ್ಸಿಗೆ ಕಾಯುವವರು, ಹುಡುಗನಿರುವ ಮನೆಯವರು ಎಲ್ಲರೂ ಇದನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ಹದಿನೆಂಟು ತುಂಬದವರು ಗಾಡಿ ಬಿಟ್ಟು ಅಪರಾಧವಾದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. ಅವರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25 ಸಾವಿರ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್.ಎಲ್. ಕೂಡ ಇಲ್ಲ. "ನನಗೆ ಗೊತ್ತೇ ಇರಲಿಲ್ಲ ಸ್ವಾಮಿ" ಎಂದರೆ ನಡೆಯುವುದಿಲ್ಲ. ಒಪ್ಪಿಗೆ ಕೊಟ್ಟೇ ಕಳಿಸಿದ್ದಾರೆ ಎಂದು ಕೋರ್ಟು ಮೊದಲೇ ಭಾವಿಸುತ್ತದೆ. ಅಲ್ಲ ಎಂದು ರುಜುವಾತು ಮಾಡುವ ಭಾರ ಅಪ್ಪನದ್ದು, ಮಾಲೀಕನದ್ದು.

ಅಂಗಡಿಯವರಿಗೂ ಇದರಲ್ಲಿ ಪಾಠ ಉಂಟು. ಕೆಲಸಕ್ಕೆ ಬರುವ ಹುಡುಗನ ಕೈಗೆ "ಒಂದು ಗೋಣಿ ಅಕ್ಕಿ ಕೊಟ್ಟು ಬಾ" ಎಂದು ಕೀ ಕೊಟ್ಟರೆ ಮಾಲೀಕರ ಪಟ್ಟ ಅಂಗಡಿಯವರ ತಲೆಗೇ.

ಇನ್ನೊಂದು ಏಟು ದಂಡಕ್ಕಿಂತ ದೊಡ್ಡದು. ಲೈಸನ್ಸಿಲ್ಲದ ಹುಡುಗ ಯಾರಿಗಾದರೂ ಗುದ್ದಿದನೆಂದು ಇಟ್ಟುಕೊಳ್ಳಿ. ವಿಮಾ ಕಂಪೆನಿ ಗಾಯಾಳುವಿಗೆ ಪರಿಹಾರ ಕೊಟ್ಟು, ಆ ಹಣವನ್ನು ಗಾಡಿಯ ಮಾಲೀಕರಿಂದ ವಸೂಲಿ ಮಾಡಬಹುದು. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ದಾರಿ ಅದು. ಪರಿಹಾರ ಸಾವಿರದ ಲೆಕ್ಕದಲ್ಲಿ ಇರುವುದಿಲ್ಲ, ಲಕ್ಷದ ಲೆಕ್ಕದಲ್ಲಿ ಇರುತ್ತದೆ. ಎರಡೆಕರೆ ಅಡಿಕೆ ತೋಟದ ಮನೆ ಅಷ್ಟು ಹಣ ಎಲ್ಲಿಂದ ತಂದೀತು?

ಬಸ್ಸಿನ ಮಾತನ್ನೂ ಹೇಳಬೇಕು

ಎಲ್ಲ ತಪ್ಪನ್ನೂ ಹುಡುಗರ ತಲೆಗೆ ಕಟ್ಟಿದರೆ ನ್ಯಾಯವಾಗದು. ಕಾಲೇಜಿನ ಗಂಟೆಗೂ ಬಸ್ಸಿನ ಗಂಟೆಗೂ ತಾಳೆಯಾಗದ ಊರಿನಲ್ಲಿ ಬೈಕು ಷೋಕಿಯಲ್ಲ, ದಾರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ಸು ಉಚಿತವಾಯಿತು. ಒಳ್ಳೆಯದೇ ಆಯಿತು, ಹೆಣ್ಣುಮಕ್ಕಳು ಧೈರ್ಯವಾಗಿ ಪೇಟೆಗೆ ಹೊರಟರು. ಆದರೆ ಜನ ಹೆಚ್ಚಿದಷ್ಟು ಬಸ್ಸು ಹೆಚ್ಚಿತೇ ಎಂದು ಬೆಳಿಗ್ಗೆ ಎಂಟರ ಹೊತ್ತಿಗೆ ಫುಟ್‌ಬೋರ್ಡಿನಲ್ಲಿ ನಿಂತವರನ್ನು ಕೇಳಬೇಕು. ಹಳ್ಳಿ ದಾರಿಗೆ ಕಾಲೇಜು ಹೊತ್ತಿನ ಒಂದು ಬಸ್ಸು ಹೆಚ್ಚು ಹಾಕಿದರೆ ಎಷ್ಟೋ ಮನೆಗಳಲ್ಲಿ ಬೈಕಿನ ಜಗಳ ಎರಡು ವರ್ಷ ಮುಂದೆ ಹೋಗುತ್ತದೆ. ಆ ಎರಡು ವರ್ಷವೇ ಮುಖ್ಯ.

ಹದಿನೆಂಟರ ಮರುದಿನ

ಅಂತೂ ಹದಿನೆಂಟು ತುಂಬಿತು. ಈಗ ಎಂತ? ನಮ್ಮ ಕಾನೂನು ಇಲ್ಲಿ ಒಮ್ಮೆಲೇ ಉದಾರವಾಗುತ್ತದೆ. ನಿನ್ನೆಯವರೆಗೆ ಏನೂ ಇಲ್ಲ, ನಾಳೆಯಿಂದ ಎಲ್ಲವೂ ಉಂಟು. ಗೇರಿನ ಲೈಸನ್ಸು ಸಿಕ್ಕಿದ ಹುಡುಗ 100 ಸಿ.ಸಿ. ಗಾಡಿಯನ್ನೂ ಬಿಡಬಹುದು, 650 ಸಿ.ಸಿ.ಯದ್ದನ್ನೂ ಬಿಡಬಹುದು. ಕೇಳುವವರಿಲ್ಲ.

ಬ್ರಿಟನ್ನಿನಲ್ಲಿ ಹಾಗಿಲ್ಲ. ಅಲ್ಲಿ ಹದಿನಾರಕ್ಕೆ ಗಂಟೆಗೆ 45 ಕಿ.ಮೀ. ಮೀರದ ಮೊಪೆಡ್. ಹದಿನೇಳಕ್ಕೆ 125 ಸಿ.ಸಿ., ಶಕ್ತಿ 11 ಕಿಲೋವ್ಯಾಟಿನ ಒಳಗೆ. ಹತ್ತೊಂಬತ್ತಕ್ಕೆ 35 ಕಿಲೋವ್ಯಾಟಿನವರೆಗೆ. ಮಿತಿಯಿಲ್ಲದ ದೊಡ್ಡ ಬೈಕನ್ನು ನೇರವಾಗಿ ಏರಬೇಕಾದರೆ ಇಪ್ಪತ್ತನಾಲ್ಕು ತುಂಬಬೇಕು. ಆಸ್ಟ್ರೇಲಿಯದಲ್ಲೂ ಕಲಿಯುವವರಿಗೆಂದೇ ಮಿತಿ ಹಾಕಿದ ಬೈಕುಗಳ ಪಟ್ಟಿ ಉಂಟು. ನಮ್ಮ ಹುಡುಗರು ಹುಟ್ಟುಹಬ್ಬದ ಉಡುಗೊರೆ ಎಂದು ಹಟ ಹಿಡಿಯುವ 155 ಸಿ.ಸಿ. ಯಮಹಾ ಆರ್15 ಬ್ರಿಟನ್ನಿನ ಹದಿನೆಂಟರ ಹುಡುಗನಿಗೆ ಸಿಗದು. ಅಲ್ಲಿನವರಿಗೆ ಬೈಕಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಕೈ ಪಳಗುವ ಮೊದಲು ಶಕ್ತಿ ಕೊಡಬಾರದು ಎಂಬ ಬುದ್ಧಿ.

ಲೆಕ್ಕ ಬೇಕೆನ್ನುವವರಿಗೆ: 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರದಲ್ಲಿ ಹೋಗುತ್ತಿದ್ದವರು. ಆ ವರ್ಷ ಹೆಲ್ಮೆಟ್ ಹಾಕದೆ ಸತ್ತವರ ಸಂಖ್ಯೆಯೇ 50 ಸಾವಿರ ದಾಟಿತು.

ಷೋರೂಮಿಗೆ ಹೋಗುವ ಮೊದಲು

2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಸೇರುವ ಮೊದಲು 60 ಸಾವಿರ ಬೆಲೆಯ ಗಾಡಿಗೆ ಇದರಿಂದ 6 ಸಾವಿರ ಉಳಿಯುತ್ತದೆ. ಆ 6 ಸಾವಿರವನ್ನು ಎಲ್ಲಿಗೆ ಹಾಕಬೇಕು? ಹುಡುಗ ಹೇಳುತ್ತಾನೆ, "ಸ್ವಲ್ಪ ಸೇರಿಸಿದ್ರೆ ದೊಡ್ಡ ಬೈಕೇ ಬರ್ತದೆ ಅಪ್ಪ." ಅಪ್ಪ ಹೇಳಬೇಕಾದದ್ದು, "ಉಳಿದದ್ದರಲ್ಲಿ ಒಳ್ಳೆ ಹೆಲ್ಮೆಟ್ಟು, ಮಳೆಕೋಟು, ಷೂ ತೆಗೆಯುವ ಮಗ."

ಗಾಡಿಯ ಜೊತೆ ಐ.ಎಸ್.ಐ. ಗುರುತಿನ ಹೆಲ್ಮೆಟ್ಟು ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಉಂಟು. ಕೇಳಿ ಪಡೆಯಿರಿ. ಹಿಂದೆ ಕೂರುವವರ ಹಿಡಿಕೆ, ಕಾಲಿಡುವ ಕಂಬಿ, ಸೀರೆ ಸಿಕ್ಕದ ಹಾಗೆ ಹಿಂದಿನ ಚಕ್ರದ ಗಾರ್ಡು ಕೂಡ ಕಾನೂನಿನಂತೆ ಇರಲೇಬೇಕಾದವು. ಬಿಲ್ಲಿನಲ್ಲಿ ಅವುಗಳನ್ನು 'ಎಕ್ಸ್‌ಟ್ರಾ ಫಿಟ್ಟಿಂಗ್' ಎಂದು ಬರೆದಿದ್ದರೆ ಒಂದು ಪ್ರಶ್ನೆ ಕೇಳಿ ಕೈ ಬಿಚ್ಚಿ.

ಎಲ್.ಎಲ್. ಆರು ತಿಂಗಳು ನಡೆಯುತ್ತದೆ. ಅದು ಸಿಕ್ಕಿ ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಅಷ್ಟು ದಿನ ಹಿಂದೆ ಮುಂದೆ ಬಿಳಿ ಹಲಗೆಯಲ್ಲಿ ಕೆಂಪು 'ಎಲ್' ಇರಬೇಕು. ಕಲಿಸುವ ಲೈಸನ್ಸುದಾರರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವ ಹಾಗಿಲ್ಲ. ಗೆಳೆಯ, ತಂಗಿ, ಅಜ್ಜಿ ಯಾರೂ ಇಲ್ಲ. ಕಾನೂನು ಹೊಸಬನಿಗೆ ಹಾಕಿದ ನಿಜವಾದ ಕಡಿವಾಣ ಇದೊಂದೇ. ಪುತ್ತೂರಿನ ಕೆ.ಎ. 21 ನಂಬರಿನ ಗಾಡಿಗಳಲ್ಲಿ ಇದನ್ನು ಪಾಲಿಸುವವರನ್ನು ಎಣಿಸಲು ಒಂದು ಕೈಯ ಬೆರಳು ಸಾಕೇನೋ.

ಉಳಿದ ಕಡಿವಾಣವನ್ನು ಮನೆಯೇ ಹಾಕಬೇಕು. ಮೊದಲ ಗಾಡಿ 100, 110 ಸಿ.ಸಿ. ಸಾಕು. ಒಂದು ಮಳೆಗಾಲ ಕಳೆಯುವವರೆಗೆ ರಾತ್ರಿ ಸವಾರಿ ಬೇಡ. ಕುಂಬ್ರದಲ್ಲಿ ಮಾಣಿ–ಮೈಸೂರು ಹೆದ್ದಾರಿಗೆ ಇಳಿಯುವ ಮೊದಲು ಊರಿನ ಒಳದಾರಿಯಲ್ಲಿ ಕೈ ಪಳಗಲಿ. ಮಳೆ ನೀರಿಗೆ ಜಾರುವ ಕೆಂಪು ಮಣ್ಣು, ದಾರಿಗೆ ಬಿದ್ದ ಅಡಿಕೆ ಸೋಗೆ, ತಿರುವಿನಲ್ಲಿ ಎದುರಾಗುವ ಬಸ್ಸು, ಇವನ್ನು ಯಾವ ಆರ್.ಟಿ.ಒ. ಮೈದಾನದ ಎಂಟರ ಆಕಾರವೂ ಕಲಿಸುವುದಿಲ್ಲ.

ಸರಕಾರ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಹದಿನಾರರವರ ಗಾಡಿಯನ್ನು ಸಿ.ಸಿ.ಯಿಂದ ಅಳೆಯುವುದನ್ನು ಬಿಟ್ಟು ವೇಗ ಮತ್ತು ಶಕ್ತಿಯಿಂದ ಅಳೆಯಲಿ. ಸಿಗುವಂಥ ಗಾಡಿಗೆ ಲೈಸನ್ಸು ಕೊಡಲಿ, ಇಲ್ಲವೇ ಹದಿನಾರರ ಕಲಮನ್ನೇ ತೆಗೆದು ಹದಿನೆಂಟು ಎಂದು ನೇರವಾಗಿ ಹೇಳಲಿ. ಇದ್ದೂ ಇಲ್ಲದ ಕಾನೂನು ಜಗಲಿಯ ಅರ್ಧ ಸತ್ಯಕ್ಕೆ ಗೊಬ್ಬರ ಹಾಕುತ್ತದೆ.

ಅದಾಗುವವರೆಗೆ ಕೆದಂಬಾಡಿಯ ಅಪ್ಪಂದಿರಿಗೆ ಒಂದು ಸುಲಭದ ಉಪಾಯ ಉಂಟು. "ಹದಿನಾರಕ್ಕೆ ಗೇರಿಲ್ಲದ್ದು ಆಗ್ತದಲ್ಲ" ಎಂದು ಜಗಲಿಯಲ್ಲಿ ಯಾರಾದರೂ ಹೇಳಿದರೆ ಜಗಳ ಮಾಡುವುದು ಬೇಡ. "ಎಷ್ಟು ಸಿ.ಸಿ.ಯದ್ದು ಅಣ್ಣ?" ಎಂದು ಕೇಳಿದರೆ ಸಾಕು. ಉತ್ತರ ಬರುವ ಮೊದಲು ಪುತ್ತೂರಿನ ಬಸ್ಸೇ ಬಂದೀತು.