ಬೆಂಕಿ ಬೀಳುವ ಮುನ್ನ ತೋಡಬೇಕಾದ ಬಾವಿ

2024ರ ಜೂನ್ 10ರಂದು ಚೀನಾದ ಈಶಾನ್ಯ ಭಾಗದ ಜಿಲಿನ್ ನಗರದ ಉದ್ಯಾನವೊಂದರಲ್ಲಿ ಅಮೇರಿಕದ ನಾಲ್ವರು ಕಾಲೇಜು ಅಧ್ಯಾಪಕರಿಗೆ ಓರ್ವ ವ್ಯಕ್ತಿ ಚೂರಿಯಿಂದ ಇರಿದ. ಅಯೋವಾ ರಾಜ್ಯದ ಕಾಲೇಜೊಂದರಿಂದ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಲು ಹೋಗಿದ್ದವರು ಅವರು. ಸುದ್ದಿ ಜಗತ್ತಿನಾದ್ಯಂತ ಹರಡಿತು. ಆದರೆ ಆ ದೊಡ್ಡ ಸುದ್ದಿಯೊಳಗೆ ಒಂದು ಸಣ್ಣ ಸುದ್ದಿಯೂ ಇತ್ತು. ಅವರ ರಕ್ಷಣೆಗೆ ಧಾವಿಸಿದ ಚೀನೀ ಪ್ರವಾಸಿಯೊಬ್ಬರು ಅದೇ ಚೂರಿಗೆ ಸಿಕ್ಕಿ ಗಾಯಗೊಂಡಿದ್ದರು. ಇರಿದವನೂ ಚೀನೀ, ತಡೆಯಲು ಹೋದವರೂ ಚೀನೀ. ಹೀಗಿರುವಾಗ, ಚೀನೀಯರು ಅಮೇರಿಕನ್ನರ ಶತ್ರುಗಳೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ಹಕ್ಕು ಯಾರಿಗಿದೆ?

ಇಂತಹದ್ದೇ ತೀರ್ಪನ್ನು ಅಮೇರಿಕದ ಬೀದಿಗಳೂ ಕೊಟ್ಟಿವೆ. 2020ರಲ್ಲಿ ಕೋವಿಡ್ ರೋಗ ಹಬ್ಬಿದಾಗ ಆ ದೇಶದ ಅಧ್ಯಕ್ಷರೇ ಅದನ್ನು ಚೀನಾ ವೈರಸ್ ಎಂದು ಕರೆದರು. ಅದರ ಫಲವನ್ನು ಉಂಡವರು ಬೀಜಿಂಗ್‌ನ ಆಡಳಿತಗಾರರಲ್ಲ. ನ್ಯೂಯಾರ್ಕ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ತರಕಾರಿ ಕೊಳ್ಳಲು ಹೊರಟ ವೃದ್ಧರು, ಬಸ್ಸಿಗೆ ಕಾಯುತ್ತಿದ್ದ ಮಹಿಳೆಯರು ಏಟು ತಿಂದರು, ಉಗುಳಿಸಿಕೊಂಡರು. ಅವರಲ್ಲಿ ಹಲವರು ಚೀನೀ ಮೂಲದವರೂ ಆಗಿರಲಿಲ್ಲ. ಕೊರಿಯ, ವಿಯೆಟ್ನಾಂ, ಫಿಲಿಪ್ಪೀನ್ಸ್ ಮೂಲದವರೂ ಇದ್ದರು. 2021ರ ಮೇ ತಿಂಗಳಲ್ಲಿ ಅಮೇರಿಕದ ಸಂಸತ್ತು ಇದಕ್ಕೆಂದೇ ಒಂದು ಕಾನೂನನ್ನು ಅಂಗೀಕರಿಸಬೇಕಾಯಿತು.

ರೋಗಕ್ಕೆ ಒಂದು ಸಮುದಾಯದ ಹೆಸರಿಟ್ಟಾಗ ಏನಾಗುತ್ತದೆ ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅದೇ 2020ರ ಮಾರ್ಚ್ ಕೊನೆಯಲ್ಲಿ ನಿಝಾಮುದ್ದೀನ್ ಘಟನೆಯ ಬಳಿಕ ತಳ್ಳುಗಾಡಿಯಲ್ಲಿ ಹಣ್ಣು ಮಾರುವ ಬಡಪಾಯಿಯನ್ನೂ ಹೆಸರು ಕೇಳಿ ಅಟ್ಟಿದ ದಿನಗಳು ನಮ್ಮ ನೆನಪಿನಿಂದ ಮಾಸಿಲ್ಲ. ತಬ್ಲೀಗ್ ಜಮಾಅತ್‌ಗೆ ಬಂದ ವಿದೇಶೀಯರನ್ನು ಬಲಿಪಶುಗಳನ್ನಾಗಿ ಮಾಡಲಾಗಿದೆ ಎಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆಗಸ್ಟ್‌ನಲ್ಲಿ ಹೇಳುವ ಹೊತ್ತಿಗೆ ಆಗಬೇಕಾದ ಅನಾಹುತ ಆಗಿಹೋಗಿತ್ತು. ಆದ್ದರಿಂದ ಚೀನೀಯರು ಮತ್ತು ಅಮೇರಿಕನ್ನರ ನಡುವಿನ ಸ್ನೇಹದ ಪ್ರಶ್ನೆ ನಮಗೆ ದೂರದ ದೇಶದ ಸುದ್ದಿ ಮಾತ್ರ ಅಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ರೋಗ ಅಮೇರಿಕದಲ್ಲಿ ಹಳೆಯದು. 1869ರಲ್ಲಿ ಪೂರ್ಣಗೊಂಡ ಖಂಡಾಂತರ ರೈಲುಮಾರ್ಗಕ್ಕಾಗಿ ಪರ್ವತಗಳನ್ನು ಕೊರೆದವರಲ್ಲಿ ಸಾವಿರಾರು ಮಂದಿ ಚೀನೀ ಕೂಲಿಕಾರರಿದ್ದರು. ಹದಿಮೂರೇ ವರ್ಷಗಳಲ್ಲಿ, ಅಂದರೆ 1882ರಲ್ಲಿ, ಚೀನೀ ಕಾರ್ಮಿಕರು ದೇಶದೊಳಗೆ ಬರಬಾರದೆಂದು ಅಮೇರಿಕ ಕಾನೂನು ಮಾಡಿತು. ಅದು ರದ್ದಾದದ್ದು 1943ರಲ್ಲಿ, ಜಪಾನಿನ ವಿರುದ್ಧದ ಯುದ್ಧದಲ್ಲಿ ಚೀನಾ ಮಿತ್ರನಾದ ಮೇಲೆ. ಆಗಲೂ ವರ್ಷಕ್ಕೆ 105 ಮಂದಿಗಷ್ಟೇ ಅವಕಾಶ! 1982ರಲ್ಲಿ ಡೆಟ್ರಾಯಿಟ್ ಪ್ರದೇಶದಲ್ಲಿ ವಿನ್ಸೆಂಟ್ ಚಿನ್ ಎಂಬ 27ರ ಹರೆಯದ ಯುವಕನನ್ನು ಮದುವೆಗೆ ಕೆಲವೇ ದಿನಗಳಿರುವಾಗ ಬೇಸ್‌ಬಾಲ್ ದಾಂಡಿನಿಂದ ಬಡಿದು ಕೊಂದರು. ಜಪಾನಿನ ಕಾರುಗಳಿಂದಾಗಿ ಅಮೇರಿಕದ ಕಾರ್ಖಾನೆಗಳಲ್ಲಿ ಕೆಲಸ ಹೋಗುತ್ತಿದೆ ಎಂಬುದು ಆಗಿನ ಸಿಟ್ಟು. ಸತ್ತವನಾದರೋ ಚೀನೀ ಮೂಲದವ. ಕೊಂದವರಿಗೆ ನ್ಯಾಯಾಲಯ ವಿಧಿಸಿದ್ದು ಮೂರು ಸಾವಿರ ಡಾಲರ್ ದಂಡ ಮತ್ತು ಮೂರು ವರ್ಷಗಳ ಸನ್ನಡತೆಯ ಷರತ್ತು. ದ್ವೇಷಕ್ಕೆ ವಿಳಾಸ ಸರಿಯಾಗಿ ಓದಲು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಹಾಗೆಂದು ಚರಿತ್ರೆಯಲ್ಲಿ ಇರುವುದು ದ್ವೇಷದ ಪುಟಗಳು ಮಾತ್ರವೇ? ಅಲ್ಲ. 1942ರ ಎಪ್ರಿಲ್ 18ರಂದು ಜಪಾನಿನ ಮೇಲೆ ಬಾಂಬು ಹಾಕಿದ ಅಮೇರಿಕದ 16 ವಿಮಾನಗಳ ಪೈಕಿ 15 ಚೀನಾದ ನೆಲದಲ್ಲಿ ಹಾಗೂ ಕರಾವಳಿಯಲ್ಲಿ ಪತನಗೊಂಡವು. ಭಾಷೆ ತಿಳಿಯದ ಆ ಯೋಧರನ್ನು ಝೆಜಿಯಾಂಗ್ ಪ್ರಾಂತ್ಯದ ರೈತರು ಮತ್ತು ಮೀನುಗಾರರು ಮನೆಗಳಲ್ಲಿ ಅಡಗಿಸಿಟ್ಟರು, ಉಣಿಸಿದರು, ಗಾಯಾಳುಗಳನ್ನು ಹೊತ್ತು ಸಾಗಿಸಿದರು. ಇದಕ್ಕೆ ಪ್ರತೀಕಾರವಾಗಿ ಜಪಾನಿನ ಸೈನ್ಯ ಆ ಪ್ರದೇಶವನ್ನೇ ಸುಟ್ಟಿತು. ಸತ್ತವರ ಸಂಖ್ಯೆಯನ್ನು ಎರಡೂವರೆ ಲಕ್ಷದವರೆಗೆ ಅಂದಾಜಿಸಲಾಗಿದೆ. ಅಪರಿಚಿತ ಅತಿಥಿಗಾಗಿ ಇಷ್ಟು ದೊಡ್ಡ ಬೆಲೆ ತೆತ್ತ ಉದಾಹರಣೆ ವಿರಳ. ಆದರೆ ಎಂಟೇ ವರ್ಷಗಳಲ್ಲಿ ಕೊರಿಯದ ಯುದ್ಧಭೂಮಿಯಲ್ಲಿ ಅದೇ ಎರಡು ದೇಶಗಳ ಮಕ್ಕಳು ಪರಸ್ಪರ ಗುಂಡಿಕ್ಕಿದರು. ಅಮೇರಿಕ 36,000ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಚೀನಾ ಸರಕಾರವೇ ಒಪ್ಪಿಕೊಂಡಂತೆ ಅದರ 1,97,000ಕ್ಕೂ ಹೆಚ್ಚು ಮಂದಿ ಸತ್ತರು.

ಆ ಬಳಿಕ ಎರಡು ದಶಕಗಳ ಕಾಲ ಎರಡೂ ದೇಶಗಳ ನಡುವೆ ವ್ಯಾಪಾರವಿರಲಿಲ್ಲ, ಹೋಗಿ ಬರುವ ದಾರಿ ಇರಲಿಲ್ಲ. ಬಾಗಿಲು ತೆರೆದದ್ದು 1971ರ ಎಪ್ರಿಲ್‌ನಲ್ಲಿ, ಜಪಾನಿನ ನಗೋಯಾ ನಗರದ ಒಂದು ಬಸ್ಸಿನಲ್ಲಿ. ವಿಶ್ವ ಟೇಬಲ್ ಟೆನಿಸ್ ಪಂದ್ಯಾವಳಿಗೆ ಬಂದಿದ್ದ ಅಮೇರಿಕದ ಯುವ ಆಟಗಾರ ಗ್ಲೆನ್ ಕೋವನ್ ಚೀನೀ ತಂಡದ ಬಸ್ಸು ಹತ್ತಿಬಿಟ್ಟ. ಬಸ್ಸಿನೊಳಗೆ ಮೌನ. ಅಮೇರಿಕನ್ನರೊಂದಿಗೆ ಬೆರೆಯುವುದು ಚೀನೀ ಆಟಗಾರರಿಗೆ ಅಪಾಯದ ಸಂಗತಿಯಾಗಿತ್ತು. ಕೊನೆಗೆ ಮೂರು ಬಾರಿಯ ವಿಶ್ವ ಚಾಂಪಿಯನ್ ಜುವಾಂಗ್ ಝೆಡಾಂಗ್ ಹಿಂದಿನ ಸೀಟಿನಿಂದ ಎದ್ದು ಬಂದು ದುಭಾಷಿಯ ಮೂಲಕ ಆತನನ್ನು ಮಾತಾಡಿಸಿದರು, ಹುವಾಂಗ್‌ಶಾನ್ ಪರ್ವತದ ಚಿತ್ರವಿರುವ ರೇಷ್ಮೆ ವಸ್ತ್ರವನ್ನು ಉಡುಗೊರೆಯಾಗಿ ಕೊಟ್ಟರು. ಕೋವನ್ ಆ ಬಳಿಕ ಶಾಂತಿಯ ಚಿಹ್ನೆಯುಳ್ಳ ಅಂಗಿಯೊಂದನ್ನು ಮರಳಿ ಕೊಟ್ಟ. ಅದೇ ತಿಂಗಳ 10ರಂದು ಅಮೇರಿಕದ ತಂಡ ಹಾಂಗ್‌ಕಾಂಗ್ ಗಡಿ ದಾಟಿ ಚೀನಾ ಪ್ರವೇಶಿಸಿತು. 14ರಂದು ಪ್ರಧಾನಿ ಚೌ ಎನ್‌ಲಾಯ್ ಅವರನ್ನು ಬರಮಾಡಿಕೊಂಡರು. ಮರುವರ್ಷದ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ನಲ್ಲಿ ಇಳಿದರು.

ಇದೆಲ್ಲ ಆಡಳಿತಗಾರರ ಲೆಕ್ಕಾಚಾರ, ಇದರಲ್ಲಿ ಸ್ನೇಹದ ಪಾಲೇನು ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. 1969ರಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಚೀನಾಕ್ಕೆ ಗಡಿಯಲ್ಲಿ ಘರ್ಷಣೆಯಾಗಿತ್ತು. ಎರಡೂ ಸರಕಾರಗಳು ಹತ್ತಿರವಾಗಲು ದಾರಿ ಹುಡುಕುತ್ತಿದ್ದವು. ಆಮಂತ್ರಣದ ಅಂತಿಮ ತೀರ್ಮಾನವೂ ಮಾವೋ ಅವರದ್ದೇ. ಆದರೆ ಇಪ್ಪತ್ತು ವರ್ಷ ಪರಸ್ಪರ ಬೈದುಕೊಂಡ ಸರಕಾರಗಳಿಗೆ ಮುಖಭಂಗವಿಲ್ಲದೆ ಒಂದು ಹೆಜ್ಜೆ ಮುಂದಿಡಲು ನೆಪವೊಂದು ಬೇಕಿತ್ತು. ಆ ನೆಪವನ್ನು ಒದಗಿಸಿದವರು ಭಯವನ್ನು ಮೀರಿ ಕೈ ಚಾಚಿದ ಒಬ್ಬ ಆಟಗಾರ ಮತ್ತು ಆ ಕೈಯನ್ನು ಹಿಡಿದ ಇನ್ನೊಬ್ಬ ಆಟಗಾರ. ಜನರ ಸ್ನೇಹ ಸರಕಾರಗಳ ಜಗಳವನ್ನು ನಿಲ್ಲಿಸಲಾರದು. ಆದರೆ ಜಗಳ ಸಾಕೆನಿಸಿದಾಗ ಮರಳಿ ಬರಲು ಇರುವ ದಾರಿ ಅದೊಂದೇ.

ದುಃಖದ ಸಂಗತಿಯೆಂದರೆ, ಇತ್ತೀಚಿನ ವರ್ಷಗಳಲ್ಲಿ ಮುಚ್ಚಿಕೊಳ್ಳುತ್ತಿರುವುದು ಇದೇ ದಾರಿ. 2020ರ ಜುಲೈಯಲ್ಲಿ ಅಮೇರಿಕವು ಹ್ಯೂಸ್ಟನ್‌ನ ಚೀನೀ ದೂತಾವಾಸವನ್ನು ಮುಚ್ಚಿಸಿತು, ಚೀನಾ ಚೆಂಗ್ಡುವಿನಲ್ಲಿದ್ದ ಅಮೇರಿಕನ್ ದೂತಾವಾಸಕ್ಕೆ ಬೀಗ ಹಾಕಿಸಿತು. ಅದೇ ವರ್ಷ ವಿದ್ವಾಂಸರ ವಿನಿಮಯದ ಫುಲ್‌ಬ್ರೈಟ್ ಯೋಜನೆಯನ್ನು ಚೀನಾದ ಮಟ್ಟಿಗೆ ಅಮೇರಿಕ ನಿಲ್ಲಿಸಿತು. ಕೋವಿಡ್‌ಗೆ ಮುನ್ನ ಸುಮಾರು 11,000 ಅಮೇರಿಕನ್ ವಿದ್ಯಾರ್ಥಿಗಳು ಚೀನಾದಲ್ಲಿ ಕಲಿಯುತ್ತಿದ್ದರು. ಆ ಬಳಿಕ ಈ ಸಂಖ್ಯೆ ಕೆಲವೇ ನೂರಕ್ಕೆ ಇಳಿಯಿತು. ಅಮೇರಿಕದಲ್ಲಿ ಓದುವ ಚೀನೀ ವಿದ್ಯಾರ್ಥಿಗಳು 2019-20ರಲ್ಲಿ 3.72 ಲಕ್ಷವಿದ್ದರೆ 2023-24ರಲ್ಲಿ 2.77 ಲಕ್ಷ. 2025ರ ಮೇ ತಿಂಗಳಲ್ಲಿ ಚೀನೀ ವಿದ್ಯಾರ್ಥಿಗಳ ವೀಸಾಗಳನ್ನು ರದ್ದುಪಡಿಸುತ್ತೇವೆಂದು ಅಮೇರಿಕ ಗುಡುಗಿತು. ಆಗಸ್ಟ್‌ನಲ್ಲಿ ಅದೇ ಸರಕಾರದ ಅಧ್ಯಕ್ಷರು ಆರು ಲಕ್ಷ ಚೀನೀ ವಿದ್ಯಾರ್ಥಿಗಳಿಗೆ ಸ್ವಾಗತವಿದೆ ಎಂದರು! ಮೂರು ತಿಂಗಳಿಗೊಮ್ಮೆ ನಾಲಿಗೆ ಹೊರಳಿಸುವವರನ್ನು ನಂಬಿ ಒಬ್ಬ ತಂದೆ ಮಗಳನ್ನು ಓದಲು ಕಳುಹಿಸುವುದಾದರೂ ಹೇಗೆ?

ಇಷ್ಟಾದರೂ ಜನರು ಸಿಕ್ಕಿದ ಕಿಂಡಿಯಲ್ಲೇ ಮುಖ ನೋಡಿಕೊಳ್ಳುತ್ತಾರೆ. 2025ರ ಜನವರಿಯಲ್ಲಿ ಟಿಕ್‌ಟಾಕ್ ನಿಷೇಧದ ಭೀತಿಯಿಂದ ಲಕ್ಷಾಂತರ ಅಮೇರಿಕನ್ನರು ಶಿಯಾವೊಹೊಂಗ್‌ಶು ಎಂಬ ಚೀನೀ ಆ್ಯಪ್‌ಗೆ ನುಗ್ಗಿದರು. ಅಲ್ಲಿ ಅವರು ಜಗಳವಾಡಲಿಲ್ಲ. ದಿನಸಿಯ ಬೆಲೆ, ಆಸ್ಪತ್ರೆಯ ಖರ್ಚು, ಸಾಕಿದ ಬೆಕ್ಕು ಇವುಗಳ ಬಗ್ಗೆ ವಿಚಾರಿಸಿಕೊಂಡರು. ಚೀನೀ ಮಕ್ಕಳು ಇಂಗ್ಲಿಷ್ ಮನೆಪಾಠಕ್ಕೆ ಅವರಲ್ಲಿ ನೆರವು ಕೇಳಿದರು. ಶತ್ರುವೆಂದು ಯಾರನ್ನು ತೋರಿಸಲಾಗಿತ್ತೋ ಅವರ ಮನೆಯಲ್ಲೂ ಅದೇ ಬಾಡಿಗೆಯ ಚಿಂತೆ!

ಸ್ನೇಹವೆಂದರೆ ಆಳುವವರ ತಪ್ಪಿಗೆ ಮೌನ ಸಮ್ಮತಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಶಿನ್‌ಜಿಯಾಂಗ್‌ನಲ್ಲಿ ಉಯಿಘರ್ ಮುಸ್ಲಿಮರ ಮೇಲೆ ನಡೆದ ದಬ್ಬಾಳಿಕೆಯು ಮಾನವಕುಲದ ವಿರುದ್ಧದ ಅಪರಾಧವಾಗಿರಬಹುದು ಎಂದು ವಿಶ್ವಸಂಸ್ಥೆಯ ಮಾನವಹಕ್ಕುಗಳ ಕಚೇರಿ 2022ರ ಆಗಸ್ಟ್‌ನಲ್ಲಿ ವರದಿ ಮಾಡಿದೆ. ಇಂದು ಆ ಉಯಿಘರರಿಗಾಗಿ ಕಣ್ಣೀರಿಡುವ ಅಮೇರಿಕ ಒಂದು ಕಾಲದಲ್ಲಿ 22 ಉಯಿಘರರನ್ನು ಗ್ವಾಂಟನಾಮೋದಲ್ಲಿ ಕೂಡಿಹಾಕಿತ್ತು. ಅವರಲ್ಲಿ ಕೊನೆಯ ಮೂವರು ಹೊರಬಂದದ್ದು 2013ರ ಕೊನೆಯಲ್ಲಿ. ಎರಡೂ ಪ್ರಭುತ್ವಗಳನ್ನು ಪ್ರಶ್ನಿಸಲೇಬೇಕು. ಆದರೆ ಆ ಪ್ರಶ್ನೆಗೆ ಉತ್ತರವನ್ನು ಚೀನೀ ಹೋಟೆಲಿನ ಅಡುಗೆಯವನಿಂದಲೋ ಅಮೇರಿಕದಿಂದ ಬಂದ ಮೇಷ್ಟ್ರಿಂದಲೋ ಕೇಳುವುದು ನ್ಯಾಯವಲ್ಲ. ತಮ್ಮ ಆಳುವವರ ಪಾಪಕ್ಕೆ ಸಾಮಾನ್ಯರು ಲೆಕ್ಕ ಕೊಡಬೇಕೆಂದಾದರೆ ಜಗತ್ತಿನಲ್ಲಿ ಯಾರಿಗೂ ನೆಮ್ಮದಿ ಉಳಿಯದು.

ನಮ್ಮ ರಾಜ್ಯದ ಎಷ್ಟೋ ಮನೆಗಳ ಮಕ್ಕಳು ಚೀನಾಕ್ಕೆ ವೈದ್ಯಕೀಯ ಓದಲು, ಅಮೇರಿಕಕ್ಕೆ ಉದ್ಯೋಗ ಹುಡುಕಿ ಹೋಗಿದ್ದಾರೆ. ಪರಊರಿನ ಬೀದಿಯಲ್ಲಿ ಅವರನ್ನು ಕಾಯುವುದು ದೂತಾವಾಸವಲ್ಲ, ಪಕ್ಕದ ಮನೆಯವರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಪ್ರಯೋಜನವಿಲ್ಲ. ಚೀನೀಯರು ಮತ್ತು ಅಮೇರಿಕನ್ನರು ಪರಸ್ಪರ ಮಕ್ಕಳನ್ನು ಓದಲು ಕಳುಹಿಸುವುದು, ಆಟವಾಡಿಸುವುದು, ಮನೆಗೆ ಕರೆದು ಉಣಿಸುವುದು ಇವೆಲ್ಲ ಜಗಳದ ಕಾಲದಲ್ಲಿ ನಿಲ್ಲಬೇಕಾದ ಸೌಜನ್ಯಗಳಲ್ಲ, ಜಗಳದ ಕಾಲದಲ್ಲೇ ಹೆಚ್ಚಬೇಕಾದ ಕೆಲಸಗಳು. ಜಿಲಿನ್‌ನ ಉದ್ಯಾನದಲ್ಲಿ ಆ ಪ್ರವಾಸಿ ಮುಂದೆ ಧಾವಿಸುವಾಗ ಎರಡು ದೇಶಗಳ ಸಂಬಂಧ ಹೇಗಿದೆ ಎಂದು ಯೋಚಿಸಿರಲಾರರು. ಕಣ್ಣೆದುರು ಮನುಷ್ಯರಿದ್ದರು, ಅವರ ರಕ್ತ ಹರಿಯುತ್ತಿತ್ತು. ಆಳುವವರು ಕಲಿಯಬೇಕಾದ ಪಾಠ ಅಷ್ಟೇ ಚಿಕ್ಕದು.